ಅಕ್ಕನ ಮೇಜೂ ಅಗ್ಗದ ಕ್ಲಾಂಪುಗಳೂ

ಬೇರೆಯಾಗಲು ಹೊರಟ ಎರಡು ವಸ್ತುಗಳನ್ನು ಒಂದಾಗಿ ಹಿಡಿದಿಡುವುದಕ್ಕಿಂತ ಹಿರಿದಾದ ವಿದ್ಯೆ ಈ ಲೋಕದಲ್ಲಿ ಇನ್ನೊಂದಿಲ್ಲ. ಸಂಸಾರ, ಸಮಾಜ, ಸರಕಾರ ಮೂರೂ ನಿಂತಿರುವುದು ಅದರ ಮೇಲೆಯೇ. ಈ ಗಂಭೀರ ಸತ್ಯ ನನಗೆ ಹೊಳೆದಾಗ ನಾನು ಮಾನ್ವಿಯ ನಮ್ಮ ಮನೆಯ ಅಂಗಳದಲ್ಲಿ ಎರಡು ಸಾಗವಾನಿ ಹಲಗೆಗಳ ಮೇಲೆ ಕುಂತಿದ್ದೆ. ಅಂಟು ಲುಂಗಿಗೆ ಹತ್ತಿತ್ತು, ಹಲಗೆಗೆ ಹತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಪ್ರಾಥಮಿಕ ಶಾಲೆಯ ಮಾಸ್ತರ. ಅರಕೇರಾ ಕಡೆಯ ಒಣಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಅಪ್ಪ, ಅವ್ವ ಭತ್ತದ ನಾಟಿ ಕೆಲಸ ಹುಡುಕಿಕೊಂಡು ಮಾನ್ವಿಗೆ ಬಂದವರು. ನಮ್ಮ ಮನೆತನದಲ್ಲಿ ಯಾರೂ ಉಳಿ ಹಿಡಿದವರಲ್ಲ. ಶಿಕ್ಷಕರ ತರಬೇತಿಯಲ್ಲಿ ನೂಲುವುದು, ತೋಟಗಾರಿಕೆ, ಮರಗೆಲಸ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಮಣ್ಣಿನ ಕೆಲಸವನ್ನು ನಮ್ಮವರು ಪರೀಕ್ಷೆ ಇಲ್ಲದೆಯೇ ತಲೆತಲಾಂತರದಿಂದ ಪಾಸು ಮಾಡಿದ್ದರಿಂದ ನಾನು ಮರಗೆಲಸಕ್ಕೆ ಹೆಸರು ಕೊಟ್ಟೆ. ಕೆಲಸಕ್ಕೆ ಸೇರಿದ ಮೇಲೆ ಆ ಚಟ ಬಿಡಲಿಲ್ಲ. ಸ್ಟೂಲು, ಗೂಡು, ಅವ್ವನ ಮಣೆ ಎಲ್ಲ ಮಾಡಿದೆ. ಸ್ಟೂಲು ಒಂದು ಕಡೆ ವಾಲುತ್ತಿತ್ತು. ನೆಲವೇ ಸರಿಯಿಲ್ಲ ಎಂದು ಮನೆಮಂದಿಯನ್ನು ನಂಬಿಸಿದ್ದೆ.

ಅಕ್ಕ ನನಗಿಂತ ಗಟ್ಟಿ ಆಸಾಮಿ. ರಾಯಚೂರಿನಲ್ಲಿ ಹೊಲಿಗೆ ಕಲಿತು ಬಂದು, ನಮ್ಮ ಓಣಿಯ ಹುಡುಗಿಯರಿಗೆ ಒಂದು ತರಗತಿ ನಡೆಸಬೇಕೆಂದು ಹಟ ಹಿಡಿದಿದ್ದಳು. ನಾಟಿಯ ಕೆಸರಿನಲ್ಲಿ ಬೆನ್ನು ಬಾಗಿಸಿದ್ದು ತನ್ನ ಕಾಲಕ್ಕೇ ಮುಗಿಯಲಿ ಎಂಬುದು ಅವಳ ಲೆಕ್ಕ. ಇಲಾಖೆಯವರು ಹೊಲಿಗೆ ಯಂತ್ರ ಕೊಡಲು ಒಪ್ಪಿದ್ದರು. ಆದರೆ ಜಾಗ, ಸಾಮಾನು ನೋಡಿದ ಮೇಲೆ. ನೋಡಲು ಬಂದ ಸಾಹೇಬರು ಅಕ್ಕ ನೆಲದ ಮೇಲೆ ಬಟ್ಟೆ ಹಾಸಿ ಕತ್ತರಿಸುವುದನ್ನು ಕಂಡು, "ಕತ್ತರಿ ಮೇಜು ಎಲ್ಲಿ?" ಎಂದು ಕೇಳಿದರು.

ಅಕ್ಕ ಕಣ್ಣು ಮಿಟುಕಿಸಲಿಲ್ಲ. "ನನ್ನ ತಮ್ಮ ಮಾಡಾಕತ್ತಾನ್ರಿ ಸಾಹೇಬ್ರ. ಅರ್ಧ ಆಗೇದ."

ಅರ್ಧ ಆಗಿರುವ ಆ ಮೇಜಿನ ಸುದ್ದಿ ನನಗೆ ತಿಳಿದದ್ದು ಅಂದು ಸಂಜೆ ಶಾಲೆಯಿಂದ ಬಂದ ಮೇಲೆ.

ಯುಗಾದಿ ಆದ ಮೇಲೆ ಮತ್ತೆ ಬರುತ್ತೇನೆ, ಮೇಜು ಸರಿಯಿಲ್ಲದಿದ್ದರೆ ಯಂತ್ರಗಳು ಬೇರೆ ತಾಲೂಕಿಗೆ ಹೋಗುತ್ತವೆ ಎಂದು ಸಾಹೇಬರು ಹೇಳಿ ಹೋಗಿದ್ದರು. ಒಂದು ಹಳೆ ಮನೆ ಕೆಡವಿದಾಗ ಬಂದ ಸಾಗವಾನಿ ಹಲಗೆಗಳನ್ನು ಅಕ್ಕ ಎಲ್ಲಿಂದಲೋ ಸಂಪಾದಿಸಿದ್ದಳು. ಹಲಗೆಗಳು ಒಂದೊಂದೂ ಗೇಣಗಲ. ಬಟ್ಟೆಯ ಪನ್ನ, ಅಂದರೆ ಅದರ ಅಗಲ, ಪೂರಾ ಹಾಸುವಂಥ ಮೇಜಾಗಬೇಕಾದರೆ ಅವುಗಳನ್ನು ಅಂಚಿಗೆ ಅಂಚು ಅಂಟಿಸಬೇಕು. ಅಂಟಿಸಿದ್ದು ಕಾಣಲೂಬಾರದು. ಬಟ್ಟೆಯ ಮೇಲೆ ಗುರುತು ಹಾಕುವ ಹಲ್ಲಿನ ಗಾಲಿ ಸಂದಿನಲ್ಲಿ ಎಡವಿದರೆ ಗೆರೆ ತಪ್ಪುತ್ತದೆ, ಗೆರೆ ತಪ್ಪಿದರೆ ಕತ್ತರಿ ತಪ್ಪುತ್ತದೆ, ಕತ್ತರಿ ತಪ್ಪಿದರೆ ಜಂಪರಿನ ಒಂದು ತೋಳು ಮಾನ್ವಿಯ ಕಡೆಗೂ ಇನ್ನೊಂದು ಸಿಂಧನೂರಿನ ಕಡೆಗೂ ನೋಡುತ್ತದೆ.

ಮೊದಲ ಸಲ ನಾನು ಹಗ್ಗ ನಂಬಿದೆ. ಹಲಗೆಗಳ ಸುತ್ತ ಮಿಣಿ ಕಟ್ಟಿ, ನಡುವೆ ಕೋಲು ತೂರಿಸಿ ಹುರಿಮಾಡಿ ಬಿಗಿದೆ. ಹೊಸ ಹಗ್ಗ ಹಿಗ್ಗಿತು. ಹಲಗೆ ಮೇಲಕ್ಕೆದ್ದಿತು. ಎದ್ದದ್ದನ್ನು ಅದುಮಲು ನಾನೇ ಅದರ ಮೇಲೆ ಕುಂತೆ. ಮೇಲೆ ಹೇಳಿದ ತತ್ವಜ್ಞಾನ ಹುಟ್ಟಿದ್ದು ಆಗ.

ಅವ್ವ ಅಕ್ಕಿ ಆರಿಸುತ್ತಾ ನೋಡುತ್ತಿದ್ದಳು. "ಯಪ್ಪಾ, ಸಾಹೇಬ್ರು ಬಂದಾಗೂ ನೀ ಹಿಂಗ ಕುಂತಿರ್ತಿ ಏನು?"

ಮರುದಿನ ನೋಡಿದರೆ ಸಂದಿನಲ್ಲಿ ಹುಣಸೆಬೀಜ ಇಳಿಯುತ್ತಿತ್ತು. ಬಿಸಿನೀರು ಹೊಯ್ದು ಅಂಟು ಬಿಡಿಸಿ, ಅಂಚುಗಳನ್ನು ಹೊಸದಾಗಿ ಉಜ್ಜುಗೊರಡು ಹೊಡೆದು, ರವಿವಾರ ರಾಯಚೂರಿನ ಬಸ್ಸು ಹತ್ತಿದೆ.

ಬಜಾರಿನ ಕಬ್ಬಿಣದ ಅಂಗಡಿಯ ಮಾಲಕರು ಹಿರಿಯರು. ಬಿಳಿ ಟೋಪಿ, ಕೈಯಲ್ಲಿ ಬೀಸಣಿಗೆ. ಹಲಗೆಗಳನ್ನು ಬಿಗಿದು ಹಿಡಿಯುವ ಕ್ಲಾಂಪು ಬೇಕು ಎಂದೆ.

"ಶಿಕಂಜಾ? ಬರ್ರಿ ಮಾಸ್ತರ್ ಸಾಬ್, ಕೂಡ್ರಿ" ಎಂದು ಉದ್ದನೆಯದೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು. ಅದು ಕ್ಲಾಂಪುಗಳ ಕುಲದಲ್ಲಿ ಪಟ್ಟಕ್ಕೇರಿದ್ದು. ಉಕ್ಕಿನ ಪಟ್ಟಿ, ಬೆಣ್ಣೆಯಂತೆ ತಿರುಗುವ ತಿರುಪು. "ಇದು ನಿಮ್ಮ ಮಮ್ಮಗನ ಕಾಲಕ್ಕ ಭೀ ಇರ್ತದ."

"ನನಗ ಯುಗಾದಿ ದಾಟಿದ್ರ ಸಾಕ್ರಿ."

ಬೆಲೆ ಕೇಳಿ ಅದನ್ನು ಮಗುವನ್ನು ತಾಯಿಗೆ ಒಪ್ಪಿಸುವಂತೆ ಮರಳಿಸಿದೆ. ಒಂದು ಕೊಂಡರೆ ಮುಗಿಯುವುದೂ ಇಲ್ಲ. ಮೊಳಕ್ಕೊಂದರಂತೆ ಮೇಜಿನ ಉದ್ದಕ್ಕೂ ಬೇಕು. ಆಗ ಅವರು ಅಗ್ಗದವನ್ನು ಇಳಿಸಿದರು. ಹಸಿರು ಬಣ್ಣ ಬಳಿದು ಮದುಮಕ್ಕಳಂತೆ ಮಿಂಚುತ್ತಿದ್ದವು. ನಾನು ಚೀಲದಲ್ಲಿ ಒಂದು ಸಾಗವಾನಿ ತುಂಡು ತಂದಿದ್ದೆ. ಅದನ್ನು ಕ್ಲಾಂಪಿನ ಬಾಯಿಗಿಟ್ಟು ತಿರುವಿದೆ. ತಿರುವುತ್ತ ಹೋದಂತೆ ಕ್ಲಾಂಪು ಮರವನ್ನು ಬಿಗಿಯುವ ಬದಲು ತಾನೇ ಬೆನ್ನು ಸಡಿಲಿಸಿ ಆಕಳಿಸಿತು.

"ಅಷ್ಟು ಜೋರ್ ಯಾಕ ತಿರುವ್ತೀರಿ ಸಾಬ್?"

"ತಿರುವಾಕ ಅಲ್ಲೇನ್ರಿ ಅದು ಇರೋದು?"

"ಕೆಲವ್ರು ಬರೇ ಇಟ್ಕೊಳ್ಳಾಕ ಭೀ ಒಯ್ತಾರ."

ಅಂಗಡಿಯಲ್ಲಿದ್ದ ಅಗ್ಗದವನ್ನೆಲ್ಲ ತಿರುವಿ ನೋಡಿದೆ. ಒಂದರ ತಿರುಪಿನ ತುದಿಯ ಬಿಲ್ಲೆ ಕುಣಿಯುತ್ತಿತ್ತು. ಇನ್ನೊಂದರ ಎರಡು ತುಟಿಗಳು ಒಂದಕ್ಕೊಂದು ನೇರವಾಗಿ ಕೂಡುತ್ತಿರಲಿಲ್ಲ. ಬಣ್ಣ ಮಾತ್ರ ಎಲ್ಲದಕ್ಕೂ ಚೆನ್ನಾಗಿ ಹತ್ತಿತ್ತು. ನಾನು ಬರಿಗೈಯಲ್ಲಿ ಎದ್ದಾಗ ಮಾಲಕರಿಗೆ ಸಿಟ್ಟು ಬಂತೋ ಕನಿಕರ ಬಂತೋ ತಿಳಿಯಲಿಲ್ಲ. "ಅಗ್ಗಾನೂ ಬೇಕು, ಗಟ್ಟಿ ಭೀ ಬೇಕು ಅಂದ್ರ ದೇವದುರ್ಗಕ್ಕ ಹೋಗ್ರಿ. ಕಾಲುವಿ ಕೆಲಸದ ಹಳೇ ಕಬ್ಬಿಣ, ಲೋಖಂಡ ಅಲ್ಲಿ ಗುಜರಿಗೆ ಬಿದ್ದದ" ಎಂದರು. ನನ್ನನ್ನು ಸಾಗಹಾಕಲು ಹೇಳಿದ್ದಿರಬಹುದು. ನಾನು ನಿಜವಾಗಿಯೂ ಹೋದೆ.

ದೇವದುರ್ಗದ ಆ ಗುಜರಿ ಅಂಗಳದಲ್ಲಿ ನನಗೆ ಬೇಕಾದ್ದು ರಾಶಿ ಬಿದ್ದಿತ್ತು. ಕಾಂಕ್ರೀಟು ಕಂಬ ಹಾಕುವಾಗ ಸುತ್ತಲಿನ ಹಲಗೆ ಬಿಚ್ಚಿಕೊಳ್ಳದಂತೆ ಬಿಗಿಯುವ ಕಬ್ಬಿಣದ ಚಪ್ಪಟೆ ಪಟ್ಟಿಗಳವು. ಒಂದು ತುದಿಗೆ ಗಟ್ಟಿ ಕೊಕ್ಕೆ, ಉದ್ದಕ್ಕೂ ಸೀಳುಗಳು. ಬೇಕಾದ ಸೀಳಿನಲ್ಲಿ ಬೆಣೆ ಹೊಡೆದರೆ ಹಿಡಿತ ಕೂಡುತ್ತದೆ. ಹಸಿ ಕಾಂಕ್ರೀಟಿನ ತೂಕ ತಡೆದದ್ದಕ್ಕೆ ಅಕ್ಕನ ಹಲಗೆ ಯಾವ ಲೆಕ್ಕ? ತಿರುಪು ಇಲ್ಲ, ಬಣ್ಣವಂತೂ ಇಲ್ಲವೇ ಇಲ್ಲ. ತುಕ್ಕು ಬೇಕಾದಷ್ಟಿತ್ತು. ಕೊಡುವುದು ತೂಕದ ಮೇಲೆ.

ನಾನು ಆರಿಸಲು ಕುಂತೆ. ಒಂದೊಂದನ್ನೂ ಕಣ್ಣಿಗೆ ಹಿಡಿದು ಉದ್ದಕ್ಕೆ ನೋಡಿದೆ. ಎರಡೆರಡನ್ನು ಬೆನ್ನಿಗೆ ಬೆನ್ನು ಹಚ್ಚಿ ನಡುವೆ ಬೆಳಕು ತೂರುತ್ತದೆಯೇ ಪರೀಕ್ಷಿಸಿದೆ. ಸೀಳಿನ ಅಂಚು ಹರಿದದ್ದನ್ನೂ ಕೊಕ್ಕೆ ಹಿಂದಕ್ಕೆ ಬಾಗಿದ್ದನ್ನೂ ಬದಿಗಿಟ್ಟೆ. ಬಿಸಿಲಿಗೆ ಕಬ್ಬಿಣ ಕಾದು ಅಂಗೈ ಚುರುಗುಟ್ಟುತ್ತಿತ್ತು. ಗುಜರಿಯವನು ನೆರಳಲ್ಲಿ ಕುಂತು ಬೀಡಿ ಸೇದುತ್ತ ತಾಳ್ಮೆಗೆಟ್ಟ.

"ಏನ್ರೀ ಮಾಸ್ತರ, ಕನ್ಯಾ ನೋಡಾಕ ಬಂದೀರೇನು?"

"ಕನ್ಯಾ ಆಗಿದ್ರ ಇಷ್ಟು ನೋಡ್ತಿದ್ದಿಲ್ರಿ."

ಅವನು ನಕ್ಕು, ತಾನೇ ಎದ್ದು ಬಂದು ರಾಶಿಯ ಅಡಿಯಿಂದ ನೆಟ್ಟಗಿದ್ದವನ್ನು ಎಳೆದುಕೊಟ್ಟ. ಬಸ್ಸಿನಲ್ಲಿ ಕಂಡಕ್ಟರು ಕಟ್ಟನ್ನು ಕಾಲಿನಿಂದ ಮುಟ್ಟಿ, "ಇದೇನ್ರೀ ಇದು, ಮಂಚದ ಕಾಲಾ?" ಎಂದ. "ಮೇಜಿನ ಕೈ" ಎಂದೆ. ಅವನು ಲಗೇಜು ಟಿಕೆಟ್ಟು ಹರಿದ.

ಅಗ್ಗದ ಕ್ಲಾಂಪು ಆರಿಸುವ ಬಗ್ಗೆ ನನ್ನ ಸಿದ್ಧಾಂತ ಆ ಬಸ್ಸಿನಲ್ಲೇ ಪೂರ್ಣಗೊಂಡಿತು, ಈಗಲೂ ಬದಲಿಸಿಲ್ಲ. ಕ್ಲಾಂಪಿನ ಚೆಲುವು ನೋಡಬೇಡಿ, ಬೆನ್ನು ನೋಡಿ. ಬಿಗಿದಾಗ ಬೆನ್ನು ಬಾಗದಿದ್ದರೆ ಅದು ಕ್ಲಾಂಪು. ಬಾಗಿದರೆ ಅದೂ ನಮ್ಮ ನಿಮ್ಮಂತೆ ನೌಕರಿ ಮಾಡುವ ಪ್ರಾಣಿ.

ಜಾಲಿಯ ಕಟ್ಟಿಗೆಯಲ್ಲಿ ಬೆಣೆ ಕೆತ್ತಿ, ಅಂಟು ಹಚ್ಚದೆ ಒಂದು ತಾಲೀಮು ನಡೆಸಿದೆ. ಸಂದುಗಳು ಕೂಡಿದವು, ಆಹಾ! ಆದರೆ ಬೆಣೆ ಇನ್ನಷ್ಟು ಬಿಗಿದಂತೆ ಹಲಗೆಗಳು ನಡುವೆ ಉಬ್ಬಿ, ಒಂದರ ಅಂಚು ಇನ್ನೊಂದಕ್ಕಿಂತ ಮೇಲೆ ನಿಂತಿತು. ಅಕ್ಕ ಉಗುರಿನಿಂದ ಆ ಮೆಟ್ಟಿಲನ್ನು ಗೀರಿ ನೋಡಿದಳು.

"ಲೇ ತಮ್ಮಾ, ಇದರ ಮ್ಯಾಲ ಬಟ್ಟಿ ಕತ್ತರಿಸ್ಬೇಕೋ, ಹತ್ತಿ ಇಳೀಬೇಕೋ?"

ಮರದ ಅಡ್ಡಪಟ್ಟಿಗಳನ್ನು ಹಲಗೆಯ ಮೇಲೊಂದು ಕೆಳಗೊಂದು ಇಟ್ಟು ಎರಡೂ ತುದಿ ಒತ್ತಿ ಹಿಡಿದರೆ ಉಬ್ಬು ಅಡಗುತ್ತಿತ್ತು. ಹಿಡಿಯಲು ಬೇಕಾದ್ದು ಸಣ್ಣ ಕ್ಲಾಂಪುಗಳು. ರಾಯಚೂರಿನ ಹಸಿರು ಸುಂದರಿಯರು ಕಣ್ಮುಂದೆ ಬಂದು ಆಕಳಿಸಿದರು. ಸಾಹೇಬರು ಬರುವ ವಾರ ಹತ್ತಿರವಾಗಿತ್ತು. ಅಕ್ಕ ಆ ದಿನ ಮತ್ತೆ ನೆಲದ ಮೇಲೆಯೇ ಬಟ್ಟೆ ಹಾಸಿ ಕತ್ತರಿಸಲು ಕುಂತಳು. ನನಗೆ ಅದು ಬೈಗುಳಕ್ಕಿಂತ ದೊಡ್ಡದು.

ಮರುದಿನ ಬೆಳಗಿನ ಶಾಲೆ ಮುಗಿಸಿ ಬರುತ್ತಿದ್ದೆ. ಓಣಿಯಲ್ಲಿ ಎದುರುಮನೆಯ ದೊಡ್ಡವ್ವ ಮಂಚದ ಪಟ್ಟಿಗೆ ಶಾವಿಗೆ ಮಷೀನು ಹಚ್ಚಿ ತಿರುವುತ್ತಿದ್ದಳು. ನಾದಿದ ಹಿಟ್ಟು ಗಟ್ಟಿ. ಹಿಡಿಕೆ ತಿರುವುವಾಗ ಮಂಚ ಕಿರುಗುಟ್ಟಿತು, ದೊಡ್ಡವ್ವ ಅಲುಗಿದಳು, ಮಂಚದ ಮೇಲಿದ್ದ ಬೆಕ್ಕೂ ಅಲುಗಿತು. ಮಂಚವನ್ನು ಕಚ್ಚಿ ಹಿಡಿದಿದ್ದ ಮಷೀನು ಮಾತ್ರ ಕದಲಲಿಲ್ಲ. ನಾನು ಬಗ್ಗಿ ಅದರ ಅಡಿಯ ತಿರುಪನ್ನು ನೋಡಿದೆ. ಬೆನ್ನು ದಪ್ಪ, ತುಟಿಗಳು ನೇರ, ಬಿಲ್ಲೆ ಕುಣಿಯುವುದಿಲ್ಲ.

"ಏನ್ ಮಾಸ್ತರ, ಹಿಟ್ಟು ಕದ್ದೀನಂತ ಅನುಮಾನಾ?"

"ದೊಡ್ಡವ್ವ, ಈ ಮಷೀನು ಒಂದಿನ ಕೊಡ್ತೀ ಏನು?"

"ಶಾವಿಗಿ ನಿಮ್ಮವ್ವ ಮಾಡ್ತಾಳೇನು?"

"ಶಾವಿಗಿ ಅಲ್ಲ, ಮೇಜು."

ದೊಡ್ಡವ್ವ ಹಿಡಿಕೆ ಬಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

ಇಂಥ ಮಷೀನು ಓಣಿಯ ಅನೇಕ ಮನೆಗಳ ಅಟ್ಟದ ಮೇಲಿತ್ತು. ಆದರೆ ಅದು ಶಾವಿಗೆಯ ಸುಗ್ಗಿ. ವರ್ಷಕ್ಕಾಗುವಷ್ಟು ಶಾವಿಗೆಯನ್ನು ಆ ಬಿಸಿಲಲ್ಲೇ ಒಣಗಿಸಿಕೊಳ್ಳಬೇಕು. ಯಾರೂ ಮಷೀನು ಬಿಟ್ಟುಕೊಡುವ ಕಾಲವಲ್ಲ. ರಾಯಭಾರಕ್ಕೆ ಅಕ್ಕ ಹೋದಳು. ಮೇಜಿನ ವಿಚಾರ ಅವಳು ಹೆಚ್ಚು ಹೇಳಿದಂತಿಲ್ಲ. "ನಿಮ್ಮ ಹುಡುಗಿ ಬರೋ ವರ್ಷ ನಾಟಿಗೆ ಹೋಗ್ಬೇಕೋ, ಹೊಲಿಗಿ ಕಲೀಬೇಕೋ?" ಎಂದಷ್ಟೇ ಮನೆಮನೆಗೆ ಕೇಳಿದಳು. ರವಿವಾರ ಮಧ್ಯಾಹ್ನದ ಊಟದವರೆಗೆ ಮಷೀನು ನಮ್ಮದು ಎಂದು ಒಪ್ಪಂದವಾಯಿತು.

ರವಿವಾರ ಹೊತ್ತು ಮೂಡುವ ಮುಂಚೆ ಅಂಟಿನ ಡಬ್ಬಿ ತೆರೆದೆ. ಬಿಸಿಲೇರಿದರೆ ನಮ್ಮೂರಲ್ಲಿ ಅಂಟು ಹಚ್ಚುವ ಮೊದಲೇ ಒಣಗುತ್ತದೆ. ಹೆಂಗಸರು ಮಷೀನುಗಳನ್ನು ಕಂಕುಳಲ್ಲಿ ಕೂಸಿನಂತೆ ಎತ್ತಿಕೊಂಡು ಬಂದರು, ಕೊಟ್ಟು ಹೋಗದೆ ಸುತ್ತಲೂ ನಿಂತರು.

"ನನ್ನ ಮಷೀನಿಗೆ ಅಂಟು ಹತ್ತಿತೋ, ಮೊದಲನೇ ಶಾವಿಗಿ ನೀನೇ ತಿನ್ಬೇಕು ನೋಡು" ಎಂದಳು ದೊಡ್ಡವ್ವ.

ತುಕ್ಕಿನ ಕಲೆ ಮರಕ್ಕೆ ಹತ್ತಬಾರದೆಂದು ಪಟ್ಟಿಗಳ ಮೇಲೆ ಹಳೆ ಪತ್ರಿಕೆ ಹಾಸಿ, ಹಲಗೆಯಿಟ್ಟು, ಅಂಚಿಗೆ ಅಂಟು ಬಳಿದೆ. ಅಡ್ಡಪಟ್ಟಿಗಳ ತುದಿಗೆ ಮಷೀನುಗಳನ್ನು ಹಚ್ಚಿ ಹದವಾಗಿ ಬಿಗಿದೆ, ಆಮೇಲೆ ಬೆಣೆಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವಾಗಿ ಹೊಡೆಯುತ್ತ ಹೋದೆ. ಅಕ್ಕ ಮೊಣಕಾಲೂರಿ ಕುಂತು, ಹಲಗೆ ಏಳುವ ಕಡೆ ಬೆರಳಿಟ್ಟು ಹೇಳುತ್ತಿದ್ದಳು: "ಇಲ್ಲಿ ಒಂಚೂರು... ಸಾಕು, ಸಾಕೋ ಮಾರಾಯಾ!" ಸಂದಿನ ಉದ್ದಕ್ಕೂ ಅಂಟಿನ ಹನಿಗಳು ಜೋಳದ ಕಾಳಿನಂತೆ ಒಂದೇ ಅಳತೆಯಲ್ಲಿ ಸಾಲಾಗಿ ಮೂಡಿ ನಿಂತವು. ಮರಗೆಲಸದವನಿಗೆ ಅದಕ್ಕಿಂತ ದೊಡ್ಡ ಸನ್ಮಾನಪತ್ರವಿಲ್ಲ. ಎಲ್ಲ ಕಡೆಗೂ ಒತ್ತಡ ಸಮನಾಗಿ ಬಿದ್ದಿದೆ ಎಂದರ್ಥ.

ಎದ್ದು ನಿಂತು ನೋಡಿದೆ. ಅಡಿಯಲ್ಲಿ ಕಾಲುವೆಯ ಕಬ್ಬಿಣ, ಎರಡು ಬದಿಗೂ ಹಿತ್ತಾಳೆಯ ಮಷೀನುಗಳು, ಅವುಗಳ ಹಿಡಿಕೆಗಳು ಅತ್ತ ಇತ್ತ ಚಾಚಿದ್ದವು. ಲೋಕದ ಯಾವ ಬಡಿಗನೂ ಅಂಥ ಮೇಜು ಬಿಗಿದಿರಲಾರ ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ನಮ್ಮ ಹೆಡ್ಮಾಸ್ತರು ಇಳಿದು ಒಂದು ಸುತ್ತು ಹಾಕಿ ಮತ್ತೆ ಸೈಕಲ್ಲು ಹತ್ತಿದರು.

ಮಧ್ಯಾಹ್ನ ಮಷೀನುಗಳನ್ನು ಬಿಚ್ಚಿ, ಒರೆಸಿ ಒಪ್ಪಿಸಿದೆ. ಅಂಟು ಹತ್ತಿರಲಿಲ್ಲ, ದೊಡ್ಡವ್ವನಿಗೆ ಅದು ಒಂಚೂರು ನಿರಾಸೆಯೇ ಆಯಿತು. ಕಬ್ಬಿಣದ ಪಟ್ಟಿಗಳನ್ನು ಮರುದಿನದವರೆಗೆ ಬಿಟ್ಟೆ. ಬಿಚ್ಚಿದ ಮೇಲೆ ಉಜ್ಜುಗೊರಡು ಹೊಡೆದು, ಕಾಲು ಕೂಡಿಸಿ ನಿಲ್ಲಿಸಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಉಗುರನ್ನು ಈ ಅಂಚಿನಿಂದ ಆ ಅಂಚಿಗೆ ಎಳೆದಳು. ಎಲ್ಲಿಯೂ ನಿಲ್ಲಲಿಲ್ಲ. "ಸಂದು ಎಲ್ಲಿ ಅದಲೇ?" ಎಂದಳು. ನನಗೂ ಒಮ್ಮೆಲೇ ತೋರಿಸಲು ಬರಲಿಲ್ಲ. ಅವ್ವ ತನ್ನ ಸೀರೆಯ ಸೆರಗಿನಿಂದ ಮೇಜನ್ನು ಒರೆಸಿದಳು. ಒರೆಸಲು ಅದರ ಮೇಲೆ ಏನೂ ಇರಲಿಲ್ಲ.

ಸಾಹೇಬರು ಬಂದರು. ಬಟ್ಟೆ ಹಾಸಿಸಿ, ಹಲ್ಲಿನ ಗಾಲಿಯನ್ನು ತಾವೇ ಹಿಡಿದು ಅಡ್ಡಡ್ಡ ಓಡಿಸಿದರು. ಬಗ್ಗಿ ಅಡಿಯನ್ನೂ ನೋಡಿದರು.

"ರಾಯಚೂರಿನಿಂದ ತರಿಸಿದ್ರೇನು?"

"ಇಲ್ರಿ ಸಾಹೇಬ್ರ, ಇದು ನಮ್ಮ ಓಣಿದು" ಎಂದಳು ಅಕ್ಕ. ಬಾಗಿಲಲ್ಲಿ ನಿಂತಿದ್ದ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡರು.

ಸಾಹೇಬರು ಕಾಗದಕ್ಕೆ ರುಜು ಹಾಕಿದರು. ಮಳೆಗಾಲಕ್ಕೆ ಮುಂಚೆ ಹೊಲಿಗೆ ಯಂತ್ರಗಳು ಬಂದವು. ಆ ವರ್ಷ ದೊಡ್ಡವ್ವನ ಮೊಮ್ಮಗಳೂ ಸೇರಿದಂತೆ ಓಣಿಯ ಹುಡುಗಿಯರು ತರಗತಿಗೆ ಸೇರಿದರು.