ದೊಡ್ಡಪ್ಪನ ತಾರಸಿಯ ಮೇಲಿನ ಸಮುದ್ರ

ಇಲ್ಲದ ಜಾಗಕ್ಕೆ ಹೋಗಬೇಕು ಅನ್ನೋ ಆಸೆ ಶುದ್ಧ ಮೂರ್ಖತನ ಅಂತ ನಾನು ಅಕ್ಕನ ಜೊತೆ ಒಂದು ವಾರ ವಾದ ಮಾಡಿದೆ. ಗೆದ್ದೆ ಕೂಡ. ಕೊನೆಗೆ ಅವಳು ಕೈಮುಗಿದು "ಸರಿ ಬಿಡು ತಾಯಿ" ಅಂದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ತೀರ್ಪಿಲ್ಲ. ಆ ವಾದದಲ್ಲಿ ನಾನು ಹೇಳಿದ ಒಂದೊಂದು ಮಾತೂ ನನಗೆ ಈಗಲೂ ನೆನಪಿದೆ. ಆದರೆ ಆ ಶನಿವಾರ ಸಂಜೆಯನ್ನು ನೆನೆಸಿಕೊಂಡರೆ ಮೊದಲು ಬರುವುದು ಮಾತಲ್ಲ, ಅಂಗಾಲಿನಲ್ಲಿ ಹತ್ತುವ ಒಂದು ಜುಮ್ಮು.

ಅಕ್ಕ ಜೆ.ಪಿ. ನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳಿದ್ದರಂತೆ, ವಿಡಿಯೊ ಗೇಮಿನೊಳಗಿನ ಯಾವ ಜಾಗಕ್ಕೆ ನಿಜವಾಗಿ ಹೋಗೋಕೆ ಇಷ್ಟ ಅಂತ. ಒಬ್ಬರು ಹಿಮದ ಬೆಟ್ಟದ ಮೇಲಿನ ಬಿಸಿನೀರ ಕೊಳ ಅಂದರು. ಒಬ್ಬರು ಸದಾ ಮಳೆ ಸುರಿಯುವ, ಬಣ್ಣದ ದೀಪಗಳ ಪೇಟೆ. ಇನ್ನೊಬ್ಬರು ತರಕಾರಿ ಕೊಳೆಯದ, ಹುಳ ಹತ್ತದ ಒಂದು ತೋಟ. ಅಕ್ಕನದು ಒಂದು ದ್ವೀಪ. ಅಲ್ಲೊಂದು ಲೈಟ್‌ಹೌಸ್. ಅದರ ಬುಡದಿಂದ ಸಮುದ್ರದೊಳಕ್ಕೆ ಚಾಚಿಕೊಂಡ ಮರದ ಹಲಗೆಯ ದಾರಿ. ಆ ದಾರಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ತಿಮಿಂಗಿಲ ಬರುತ್ತೆ ಅಂತೆ.

"ಬಸ್ಸಿದ್ರೆ ನಾಳೇನೇ ಹೋಗ್ತಿದ್ದೆ ಕಣೇ," ಅಂದಳು ಊಟ ಮಾಡುವಾಗ.

"ಬಸ್ಸಿಲ್ಲ. ದ್ವೀಪಾನೂ ಇಲ್ಲ. ದೇಹ ಹೋಗದೆ ಇರೋ ಕಡೆ ಹೋಗಿದ್ದೆ ಅನ್ನೋದು ಸುಳ್ಳು. ಅಲ್ಲಿ ವಾಸನೆ ಇದೆಯಾ? ಸೊಳ್ಳೆ ಇದೆಯಾ? ಬಿದ್ರೆ ಮಂಡಿ ತರಚುತ್ತಾ?"

"ನಿನ್ನ ಪ್ರಕಾರ ಮಂಡಿ ತರಚಿದ್ರೇನೇ ಅದು ಊರು?"

"ಹೌದು. ಕೆಡುಕು ಆಗೋಕೆ ಸಾಧ್ಯವಿಲ್ಲದ ಜಾಗ ಜಾಗವೇ ಅಲ್ಲ, ಚಿತ್ರ."

ಕಾಲೇಜಿನ ಚರ್ಚಾ ತಂಡದಲ್ಲಿ ಮೂರು ವರ್ಷ ಇದ್ದವಳು ನಾನು. ಪದದ ಅರ್ಥವನ್ನು ಮೊದಲು ನೀನು ಹಿಡಿ, ಎದುರಿನವರು ಅರ್ಧ ಸೋತ ಹಾಗೆ ಅಂತ ಅಲ್ಲಿ ಕಲಿಸಿಕೊಟ್ಟಿದ್ದರು. ಜಾಗ ಅಂದರೆ ಏನು ಅನ್ನುವುದನ್ನು ನಾನು ಹಿಡಿದಿದ್ದೆ. ಅಜ್ಜಿ ಮಾತ್ರ ಮುದ್ದೆ ಮುರಿಯುತ್ತಾ ಅಕ್ಕನನ್ನು ಕೇಳಿತು, "ಅಷ್ಟು ಉದ್ದ ಹಲಗೆ ಹಾಕವ್ರಲ್ಲ, ಅಲ್ಲಿ ದಿನಾ ಕಸ ಯಾರು ಗುಡಿಸ್ತಾರೆ ಮಗಾ?" 

ಆ ಶನಿವಾರ ಅಕ್ಕ ಗೆಳತಿಯೊಬ್ಬಳಿಂದ ಹೆಡ್‌ಸೆಟ್ ಇಸ್ಕೊಂಡು ಬಂದಳು. ಸೋಮವಾರ ವಾಪಸ್ ಕೊಡಬೇಕು. ಕಣ್ಣು ಕಿವಿ ಎರಡನ್ನೂ ಮುಚ್ಚುವ, ಮುಖದ ಅರ್ಧ ನುಂಗುವ ಕಪ್ಪು ಪೆಟ್ಟಿಗೆ ಅದು. ಹಾಕಿಕೊಂಡು ನಿಜವಾಗಿ ನಡೆದರೆ ಆಟದ ದ್ವೀಪದಲ್ಲೂ ನಡೆದ ಹಾಗೆ ಕಾಣುತ್ತೆ. ಮಧ್ಯಾಹ್ನ ಹಾಲ್‌ನಲ್ಲಿ ಹಾಕಿಕೊಂಡಳು. ಎರಡೇ ನಿಮಿಷಕ್ಕೆ ಸೋಫಾಕ್ಕೆ ಮಂಡಿ ಹೊಡೆದುಕೊಂಡಳು. ("ನೋಡು, ತರಚ್ತು," ಅಂದಳು. ನಾನು ಅದನ್ನು ಒಪ್ಪಲಿಲ್ಲ, ತರಚಿಸಿದ್ದು ನಮ್ಮ ಸೋಫಾ, ದ್ವೀಪವಲ್ಲ.) ಆಮೇಲೆ ಅಜ್ಜಿ ಕಾಫಿ ಬೇಕಾ ಅಂತ ಹಿಂದಿನಿಂದ ಭುಜ ಮುಟ್ಟಿದ್ದಕ್ಕೆ ಕಿಟಾರನೆ ಕಿರುಚಿ ಮುಂದಕ್ಕೆ ಹಾರಿದಳು. ಕೈಯಲ್ಲಿದ್ದ ಕಂಟ್ರೋಲರ್ ನನ್ನ ತುಟಿಗೆ ಬಡಿಯಿತು. ರಕ್ತ ಬಂತು.

"ಇಲ್ಲಿ ಆಗಲ್ಲ. ತಾರಸಿ ಮೇಲೆ ಹೋಗೋಣ," ಅಂದೆ. ಅಂದವಳು ನಾನೇ.

ನಮ್ಮದು ಸಾರಕ್ಕಿಯ ಹಳೇ ಊರಿನೊಳಗಿನ ಮನೆ. ಮೂರು ಮಹಡಿ. ಕೆಳಗಿನ ಎರಡರಲ್ಲಿ ಬಾಡಿಗೆಯವರು. ಪಕ್ಕದ್ದು ದೊಡ್ಡಪ್ಪನ ಮನೆ. ಅಣ್ಣ ತಮ್ಮ ಗೋಡೆಗೆ ಗೋಡೆ ತಾಗಿಸಿ ಕಟ್ಟಿಸಿದ್ದರು, ಮಹಡಿಯ ಎತ್ತರವನ್ನೂ ಸರಿ ಮಾಡಿಸಿದ್ದರು. ಹಾಗಾಗಿ ಎರಡು ತಾರಸಿಗಳ ನಡುವೆ ಇದ್ದದ್ದು ಟಾರು ಹಚ್ಚಿದ ಒಂದು ಕಪ್ಪು ಗೆರೆ ಮಾತ್ರ. ಉಳಿದ ಮೂರು ಕಡೆ ಎದೆಯೆತ್ತರದ ಗೋಡೆ ಇದ್ದರೂ ಆ ಕಡೆ ಅಜ್ಜಿ ಗೋಡೆ ಕಟ್ಟಗೊಡಲಿಲ್ಲ. "ಅಣ್ಣತಮ್ಮಂದ್ರ ಮಧ್ಯ ಎಂಥ ಗೋಡೆ" ಅಂದಿತ್ತಂತೆ. ರಾಗಿ ಒಣಹಾಕಿದರೆ ಎರಡೂ ಕಡೆಗೆ ಹರಡುತ್ತಿತ್ತು. ನಾವು ಮಕ್ಕಳೆಲ್ಲ ಸೈಕಲ್ ಕಲಿತದ್ದು ಆ ಉದ್ದದಲ್ಲೇ. ನಮ್ಮ ಬಾಯಲ್ಲಿ ತಾರಸಿ ಅಂದರೆ ಅಷ್ಟೂ.

ಆ ಶನಿವಾರಕ್ಕೆ ಎರಡು ತಿಂಗಳ ಹಿಂದೆ ದೊಡ್ಡಪ್ಪ ಮನೆ ಮಾರಿ ಕೋಣನಕುಂಟೆಗೆ ಹೋದರು. ತೆಗೆದುಕೊಂಡವರು ಅದನ್ನು ಒಡೆಸಿ ಪಾಯ ತೋಡಿಸಿದರು. ನಮ್ಮ ಗೋಡೆಗೆ ಏಟು ಬೀಳಬಾರದು ಅಂತ, ಗೆರೆಯ ಆಚೆ ದೊಡ್ಡಪ್ಪನ ತಾರಸಿಯ ಎರಡೂವರೆ ಅಡಿಯಷ್ಟು ಕಾಂಕ್ರೀಟ್ ಮೋಲ್ಡನ್ನು ಹಾಗೇ ಬಿಟ್ಟಿದ್ದರು. ಮೇಸ್ತ್ರಿ ಬಂದು ಹೇಳಿಹೋಗಿದ್ದ: "ಅದರ ಮೇಲೆ ಕಾಲಿಡ್ಬೇಡಿ ಮೇಡಂ. ಕೆಳಗೆ ಗೋಡೆ ಇಲ್ಲ, ಬರೀ ಕಂಬಿ ಹಿಡಕೊಂಡೈತೆ. ಸೋಮವಾರ ಬಿಡಿಸ್ತೀವಿ." ನಾನು ಕೇಳಿಸಿಕೊಂಡಿದ್ದೆ. ಅಕ್ಕ ಆಗ ಡ್ಯೂಟಿಯಲ್ಲಿದ್ದಳು.

ಸಂಜೆ ಐದೂವರೆ. ಮೋಡ ಮುಚ್ಚಿತ್ತು, ಬೆಳಕು ಬೂದಿಯ ಬಣ್ಣ. ಹೆಡ್‌ಸೆಟ್ ಹಾಕುವ ಮುಂಚೆ ಆಡುವ ಜಾಗಕ್ಕೆ ಎಲ್ಲೆ ಹಾಕಬೇಕು. ಕಂಟ್ರೋಲರಿನಿಂದ ನೆಲದ ಮೇಲೆ ಸುತ್ತ ಗೆರೆ ಎಳೆದರೆ, ಆಡುವವರು ಅದಕ್ಕೆ ಕಾಲು ತಾಗುವಷ್ಟು ಹತ್ತಿರ ಬಂದಾಗ ಕಣ್ಣೆದುರು ಜಾಲರಿಯಂತೆ ಗೋಡೆ ಎದ್ದು ಎಚ್ಚರಿಸುತ್ತೆ. "ನೀನೇ ಹಾಕು, ನಿಂಗೆ ಎಲ್ಲದಕ್ಕೂ ಗೆರೆ ಎಳೆಯೋ ಚಟ," ಅಂದಳು ಅಕ್ಕ.

ನಾನು ಪೆಟ್ಟಿಗೆ ಹಾಕಿಕೊಂಡೆ. ಅದರ ಕ್ಯಾಮೆರಾದಲ್ಲಿ ಹೊರಗಿನದೆಲ್ಲ ಕಪ್ಪುಬಿಳುಪು, ಮರಳು ಮರಳಾಗಿ ಕಾಣುತ್ತಿತ್ತು. ನೀರಿನ ಟ್ಯಾಂಕ್ ಬಿಟ್ಟು, ಬಟ್ಟೆ ತಂತಿಯ ಕಂಬ ಬಿಟ್ಟು, ಸೋಲಾರ್ ಬಿಟ್ಟು ಗೆರೆ ಎಳೆದೆ. ಆ ಕಡೆಗೆ ಬಂದಾಗ ಬೂದು ನೆಲ ಮುಂದುವರಿದಿತ್ತು, ನನ್ನ ಕೈಯೂ ಮುಂದುವರಿಯಿತು. ಟಾರಿನ ಗೆರೆ ದಾಟಿತು. ಎಲ್ಲಿ ನೆಲ ಮುಗಿದು ಮಸುಕಾಯಿತೋ ಅಲ್ಲಿ ತಿರುಗಿಸಿದೆ. ಇಪ್ಪತ್ತು ವರ್ಷ ಓಡಾಡಿದ ನೆಲ ಅದು, ಕೈ ಅನುಮಾನಪಡಲಿಲ್ಲ. ನಾನೂ ಪಡಲಿಲ್ಲ. ಎಲ್ಲದರ ಮೇಲೂ ಅನುಮಾನ ಪಡುವ ನಾನು.

"ಆಯ್ತು. ಇದರೊಳಗೆ ಎಲ್ಲಿ ಬೇಕಾದ್ರೂ ಓಡಾಡು."

ಅಕ್ಕ ಹಾಕಿಕೊಂಡಳು. ಅವಳಿಗೆ ಕಾಣುವುದೆಲ್ಲ ಅವಳ ಫೋನಿನಲ್ಲೂ ಕಾಣುವಂತೆ ಮಾಡಿಕೊಟ್ಟಿದ್ದಳು. ನಾನು ಟ್ಯಾಂಕಿಗೆ ಒರಗಿ ಕೂತು ಫೋನ್ ನೋಡುತ್ತಾ ತಪ್ಪು ಹುಡುಕುತ್ತಿದ್ದೆ. ಅಲೆಗಳು ಒಂದೇ ಅಳತೆಯವು. ಹಕ್ಕಿಗಳು ಅದೇ ಮೂರು ಸುತ್ತು ಸುತ್ತುತ್ತವೆ. "ನೆರಳು ನೋಡು, ತಪ್ಪು ದಿಕ್ಕಿಗಿದೆ," ಅಂದೆ ಜೋರಾಗಿ. ಅವಳಿಗೆ ಕೇಳಿಸಲಿಲ್ಲ, ಕಿವಿ ತುಂಬ ಸಮುದ್ರ. ಫೋನಿನಲ್ಲಿ ಹಲಗೆ ದಾರಿ ಬಂತು. ಒಂದೊಂದೇ ಹಲಗೆ ಹಿಂದಕ್ಕೆ ಸರಿಯುತ್ತಿತ್ತು. ಅವಳು ತುದಿಗೆ ನಡೆಯುತ್ತಿದ್ದಳು.

ಏನೋ ಹೇಳೋಣ ಅಂತ ತಲೆ ಎತ್ತಿದೆ.

ಅಕ್ಕನ ಬಲಗಾಲು ಟಾರಿನ ಗೆರೆಯ ಆಚೆ ಇತ್ತು.

ಆ ಕಾಲಿನ ಮುಂದೆ ಒಂದೂವರೆ ಅಡಿ ನೆಲ. ಅದರಾಚೆ ದೊಡ್ಡಪ್ಪನ ಮನೆ ಇದ್ದ ಜಾಗದಲ್ಲಿ ಗಾಳಿ. ಗಾಳಿಯ ಕೆಳಗೆ ಮೂರು ಮಹಡಿ ಆಳದಲ್ಲಿ ಪಾಯದ ಗುಂಡಿ, ಗುಂಡಿಯಲ್ಲಿ ಮೇಲ್ಮುಖವಾಗಿ ನಿಂತ ಕಂಬಿಗಳು. ಎಡಗಾಲೂ ಎದ್ದಿತು. ಅದೂ ಆಚೆ ಇಳಿಯಿತು. ಮೋಲ್ಡಿನ ಅಡಿಯಿಂದ ಏನೋ ಕಳಚಿ, ತುಂಬ ಹೊತ್ತಾದ ಮೇಲೆ ಕೆಳಗೆ ಬಿದ್ದ ಸದ್ದಾಯಿತು.

ನನ್ನ ತಲೆ ಅಭ್ಯಾಸದಂತೆ ವಾದ ಶುರು ಮಾಡಿತು, ಅದು ನನಗೆ ಇವತ್ತಿಗೂ ಹೇಸಿಗೆ. ಕೂಗಿದರೆ? ಕೇಳಿಸಲ್ಲ. ಭುಜ ಹಿಡಿದು ಎಳೆದರೆ? ಮಧ್ಯಾಹ್ನದ ಹಾಗೆ ಮುಂದಕ್ಕೆ ಹಾರುತ್ತಾಳೆ, ಈಗ ಮುಂದೆ ಸೋಫಾ ಇಲ್ಲ. ಸೊಂಟ ಹಿಡಿದರೆ? ಅದಕ್ಕೆ ನಾನೂ ಆ ಮೋಲ್ಡಿನ ಮೇಲೆ ಕಾಲಿಡಬೇಕು, ಇಬ್ಬರ ಭಾರ ಅದು ತಡೆಯಲ್ಲ. ಜಾಲರಿ ಎದ್ದು ತಡೆಯುತ್ತೆ ಅಂದುಕೊಳ್ಳೋಣವೇ? ಜಾಲರಿ ನಾನು ಎಳೆದ ಕಡೆ ಏಳುತ್ತೆ. ನಾನು ಎಳೆದದ್ದು ಗಾಳಿಯ ಅಂಚಿಗೆ. ಒಂದೊಂದು ದಾರಿಯನ್ನೂ ನಾನು ಚೆನ್ನಾಗಿ ಖಂಡಿಸಿದೆ, ಒಂದೂ ಉಳಿಯಲಿಲ್ಲ. ನಾನು ಎದ್ದು ನಿಂತಿದ್ದೆ, ಆದರೆ ಕಾಲು ನಡೆಯುತ್ತಿರಲಿಲ್ಲ. ಬಾಯೊಳಗೆ ಮಧ್ಯಾಹ್ನದ ರಕ್ತದ ರುಚಿ. ಅಕ್ಕ ಇನ್ನೊಂದು ಹೆಜ್ಜೆಗೆ ಕಾಲ ಬೆರಳು ಮುಂದೆ ಚಾಚಿ ಹಲಗೆ ತಡವುತ್ತಿದ್ದಳು.

ಅವಳ ಜಡೆ ಬೆನ್ನ ಮೇಲೆ ಗೆರೆಯ ಈಚೆಗೆ, ನನ್ನ ಕಡೆಗೆ, ತೂಗುತ್ತಿತ್ತು.

ಹೇಗೆ ಹತ್ತಿರ ಹೋದೆನೋ ಗೊತ್ತಿಲ್ಲ. ಚಿಕ್ಕವರಾಗಿದ್ದಾಗ ಭಾನುವಾರ ಎಣ್ಣೆ ಹಚ್ಚಲು ಅಜ್ಜಿ ನಮ್ಮನ್ನು ಕರೆಯುತ್ತಿರಲಿಲ್ಲ. ಹಿಂದಿನಿಂದ ಬಂದು ಜಡೆಯ ತುದಿ ಹಿಡಿದು ಕೆಳಕ್ಕೆ ಎರಡು ಸಲ ಜಗ್ಗುತ್ತಿತ್ತು. ಆಡುತ್ತಿರಲಿ, ಅಳುತ್ತಿರಲಿ, ಇದ್ದಲ್ಲೇ ಕುಕ್ಕರಿಸಬೇಕು. ನಾನು ಗೆರೆಯ ಈಚೆ ಮಂಡಿಯೂರಿ ಜಡೆಯ ತುದಿ ಹಿಡಿದೆ.  ಕೆಳಕ್ಕೆ ಜಗ್ಗಿದೆ. ಒಂದು. ಎರಡು.

ಅಕ್ಕ ಕೂತಳು.

ಕಿರುಚಲಿಲ್ಲ, ಬೆಚ್ಚಲಿಲ್ಲ, ಆರು ವರ್ಷದವಳ ಹಾಗೆ ತಟಕ್ಕನೆ ಹಿಂದಕ್ಕೆ ಕೂತಳು. ಗೆರೆಯ ಮೇಲೆಯೇ. ನಾನು ಅವಳ ಕಂಕುಳಿಗೆ ಕೈ ಹಾಕಿ ಟ್ಯಾಂಕಿನ ತನಕ ಎಳೆದೆ. ಎಳೆಯುವಾಗ ಅವಳು ನಗುತ್ತಿದ್ದಳು.

"ಬಿಡೇ ಕೋತಿ! ಇನ್ನೆರಡೇ ಹೆಜ್ಜೆ ಇತ್ತು ಕಣೇ, ತುದಿ ಕಾಣಿಸ್ತಿತ್ತು!"

ಪೆಟ್ಟಿಗೆಯನ್ನು ಅವಳ ಮುಖದಿಂದ ಕಿತ್ತೆ. ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ನಾನು ನೋಡುತ್ತಿದ್ದ ಕಡೆ. ಗೆರೆ, ಗೆರೆಯಾಚೆಯ ತುಂಡು ನೆಲ, ಅದರ ಧೂಳಿನಲ್ಲಿ ಅವಳದೇ ಎರಡು ಬರಿಗಾಲಿನ ಗುರುತು. ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು, ನೀರು ನಿಂತ ಮೇಲೂ ನಲ್ಲಿ ತೊಟ್ಟಿಕ್ಕುವ ಹಾಗೆ.

"ಜಾಲರಿ ಬರ್ಲೇ ಇಲ್ವಲ್ಲೇ," ಅಂದಳು ಮೆಲ್ಲಗೆ. "ಏನು ದರಿದ್ರದ ಮಿಷಿನ್ನು ಇದು."

ನಾನು ಸುಮ್ಮನಿರಬಹುದಿತ್ತು. ತಪ್ಪೆಲ್ಲ ಆ ಪೆಟ್ಟಿಗೆಯ ಮೇಲೆ ಹೋಗುತ್ತಿತ್ತು, ಪೆಟ್ಟಿಗೆಗೆ ಬಾಯಿಲ್ಲ. ಗೆಲ್ಲುವ ವಾದ ಯಾವುದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಇನ್ನೂ ಹೆದರಿಕೆಯಾಯಿತು.

"ಮಿಷಿನ್ ಸರಿಯಾಗೇ ಇದೆ. ನಾನು ಗೆರೆ ಎಳೆದದ್ದು ದೊಡ್ಡಪ್ಪನ ತಾರಸೀನೂ ಸೇರಿಸಿ."

ಅವಳು ಅಂಗಾಲಿನ ಧೂಳು ಒರೆಸಿಕೊಂಡಳು.

"ಮೇಸ್ತ್ರಿ ನನಗೆ ಹೇಳಿದ್ದ. ಕಾಲಿಡ್ಬೇಡಿ ಅಂತ. ನಿನಗೆ ಹೇಳಲೇ ಇಲ್ಲ ನಾನು."

"ಮನೆ ಇಲ್ಲ ಅಂತ ಗೊತ್ತಿತ್ತಲ್ವಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಎಳ್ದೆ."

"ಗೊತ್ತಿದ್ದೂ ಎಳ್ದೆ."

ಬಯ್ಯಲಿ ಅಂತ ಕಾದೆ. ಅವಳು ನನ್ನ ಕೆನ್ನೆಗೆ ಒಂದು ಹೊಡೆದಳು, ಜೋರಾಗಿಯೇ. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡು ಅಲ್ಲೇ ಕೂತಳು. ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ಕತ್ತಲಾಗುತ್ತಾ ಬಂತು, ಕೆಳಗೆ ಅಜ್ಜಿ ದೀಪ ಹಚ್ಚಿ ಕರೆಯಿತು. ಇಬ್ಬರಿಗೂ ಎದ್ದು ಮೆಟ್ಟಿಲಿಳಿಯುವ ಧೈರ್ಯವಿರಲಿಲ್ಲ. ಕೂತುಕೊಂಡೇ, ಒಂದೊಂದು ಮೆಟ್ಟಿಲಿಗೂ ಕುಂಡೆ ಊರಿಕೊಂಡು ಇಳಿದೆವು.

ಭಾನುವಾರ ಬೆಳಿಗ್ಗೆ ಅಪ್ಪ ಮೇಸ್ತ್ರಿಯನ್ನು ಕರೆಸಿ ಆ ಕಡೆಗೆ ಹಾಲೋ ಬ್ಲಾಕಿನ ಗೋಡೆ ಕಟ್ಟಿಸಿದರು. ಕೆಲಸಕ್ಕೆ ಮೊದಲು ಮೇಸ್ತ್ರಿ ಗೆರೆಯಾಚೆಯ ಮೋಲ್ಡಿಗೆ ಈಚೆಯಿಂದಲೇ ಸುತ್ತಿಗೆಯಲ್ಲಿ ಬಡಿದ. ನಾಲ್ಕನೇ ಏಟಿಗೆ ಅಷ್ಟೂ ಹೋಯಿತು. ಈ ಸಲ ಗೋಡೆಗೆ ಅಜ್ಜಿ ಅಡ್ಡ ಹೇಳಲಿಲ್ಲ.

ಸಂಜೆ ಅಕ್ಕ ಹೆಡ್‌ಸೆಟ್ ತೆಗೆದಳು. ನಾಳೆ ಕೊಡಬೇಕಲ್ಲ, ತುದಿ ನೋಡಿಬಿಡ್ತೀನಿ ಅಂದಳು. ಬೇಡ ಅನ್ನಲು ನನ್ನ ಹತ್ತಿರ ಹತ್ತು ಕಾರಣ ಇದ್ದವು, ಒಂದನ್ನೂ ಹೇಳಲಿಲ್ಲ. ಸೋಫಾ ರೂಮಿಗೆ ತಳ್ಳಿದೆವು. ಎಲ್ಲೆಯನ್ನು ಅವಳೇ ಹಾಕಿದಳು. ನಾನು ಅವಳ ಚೂಡಿದಾರದ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಹಿಂದೆಯೇ ನಡೆದೆ.

"ಹಾಲ್ ಕಣೇ ಇದು, ಬಿಡೇ."

ಬಿಡಲಿಲ್ಲ. ಅವಳು ಏಳು ಹೆಜ್ಜೆ ಇಟ್ಟಳು, ನಿಂತಳು, ಕೈಯಿಂದ ನೆಲ ತಡವಿ ಕೂತಳು, ಕಾಲು ಮುಂದಕ್ಕೆ ಚಾಚಿದಳು. ಸುಮಾರು ಹೊತ್ತು ಅಲುಗಲಿಲ್ಲ. ಒಮ್ಮೆ "ಅಯ್ಯೋ, ಎಷ್ಟು ದೊಡ್ಡದು," ಅಂದಳು. ಅಲ್ಲಿ ಏನಿದೆ ಅಂತ ನಾನು ಕೇಳಲಿಲ್ಲ, ಫೋನನ್ನೂ ನೋಡಲಿಲ್ಲ. ಟೈಲ್ಸಿನ ಮೇಲಿದ್ದ ಅವಳ ಹಿಮ್ಮಡಿಗಳನ್ನೇ ನೋಡುತ್ತಾ, ಬೆವೆತ ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿದೆ.