ಎರಡು ಕ್ಯಾಮೆರಾಗಳ ಭೈರೇಶ

ಆ ಎರಡು ಕ್ಯಾಮೆರಾಗಳ ಸುದ್ದಿ ಭಾಗ್ಯಮ್ಮನ ಕಿವಿಗೆ ಮೊದಲು ಬಿದ್ದದ್ದು ಅವಳು ಹಿತ್ತಲ ಬಾಗಿಲಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದ ಒಂದು ಭಾನುವಾರ. ಎರಡು ಸಾವಿರದ ಎಂಟನೆಯ ಇಸವಿ ಆಗಷ್ಟೇ ಶುರುವಾಗಿತ್ತು. ತಮಿಳುನಾಡಿನ ಗಡಿಯಲ್ಲಿ, ಹೊಸೂರಿನ ಪಕ್ಕದ ಅವಲಪಲ್ಲಿಯ ಅವಳ ಮನೆಯ ಮಹಡಿಯ ಮೇಲೆ ಒಂದು ಒಂಟಿ ಕೋಣೆ, ಅದರಲ್ಲಿ ಬಾಡಿಗೆಗಿದ್ದವನು ಭೈರೇಶ. ಬೆಂಗಳೂರಿಗೆ ಹೋಗಿದ್ದವನು ಬಸ್ಸಿಳಿದು ಸೀದಾ ಅವಳ ಮುಂದೆ ಬಂದು ನಿಂತ. ಈ ಹೆಗಲಿಗೊಂದು ಚೀಲ, ಆ ಹೆಗಲಿಗೊಂದು ಚೀಲ, ಮುಖದಲ್ಲಿ ಅವಳಿ ಗಂಡುಮಕ್ಕಳನ್ನು ಮನೆಗೆ ಕರೆತಂದವನ ಗತ್ತು.

“ಅಜ್ಜಿ, ಕ್ಯಾಮ್ರಾ ತಂದಿವ್ನಿ. ಎರಡು.”

“ಎರಡ್ಯಾಕ್ಲಾ? ನಿಂಗಿರೋದು ಒಂದು ಮುಸುಡಿ ತಾನೆ.”

“ಒಂದು ನಿಕಾನು, ಒಂದು ಕ್ಯಾನನ್ನು. ಹಳೇವು, ಸೆಕೆಂಡ್ ಹ್ಯಾಂಡು. ಆದ್ರೆ ಒಂದೊಂದಕ್ಕೂ ಒಂದೊಂದು ಗುಣ ಐತೆ. ಬಿಸ್ಲಾಗೆ, ಬಣ್ಣಕ್ಕೆ ನಿಕಾನು. ಕತ್ಲಾಗೆ, ಓಡೋದು ಆಡೋದಕ್ಕೆ ಕ್ಯಾನನ್ನು. ನಂಗೆ ಯಾವ್ದು ಒಪ್ತದೆ ಅಂತ ನೋಡ್ಕಂಡು ಒಂದು ಮಡಿಕ್ಕಂಡು ಒಂದು ಮಾರಾಕ್ತೀನಿ.”

“ಅಂಗಾದ್ರೆ ಮಾರ್ದೋನು ನಿನ್ನ ಮುಖ ನೋಡ್ದೇಟ್ಗೆ ಗುರ್ತು ಹಿಡ್ದವ್ನೆ ಬುಡು,” ಎಂದು ಭಾಗ್ಯಮ್ಮ ಅವರೆಯ ಸಿಪ್ಪೆಯನ್ನು ಅವನ ಕಾಲ ಬಳಿಗೇ ಚಿಮ್ಮಿಸಿದಳು.

ಅವಳಿಗೆ ಅವನ ಸಂಗತಿ ಗೊತ್ತಿತ್ತು. ಅಂಚೆಟ್ಟಿಯಿಂದಲೂ ಆಚೆ, ಕಾಡಿನ ಅಂಚಿನ ಒಂದು ಹಟ್ಟಿಯವನು. ಬಸ್ಸು ತಪ್ಪಿದರೆ ನಡೆದೇ ಹೋಗಬೇಕಾದ ಊರು. ಐಟಿಐ ಮುಗಿಸಿ ಹೊಸೂರಿನ ಒಂದು ಬಿಡಿಭಾಗಗಳ ಕಾರ್ಖಾನೆ ಸೇರಿದ್ದ. ಅಲ್ಲಿ ಅವನ ಕೆಲಸವೆಂದರೆ, ತಯಾರಾಗಿ ಬಂದ ತುಂಡನ್ನು ಮಾದರಿ ತುಂಡಿನ ಪಕ್ಕ ಹಿಡಿದು, ಹೊಂದಿದರೆ ಈ ಬುಟ್ಟಿಗೆ, ಹೊಂದದಿದ್ದರೆ ಆ ಬುಟ್ಟಿಗೆ ಹಾಕುವುದು. ಕಾರ್ಖಾನೆಯಲ್ಲಾದರೂ ಕೊನೆಗೆ ಯಾವುದೋ ಒಂದು ಬುಟ್ಟಿಗೆ ಹಾಕುತ್ತಿದ್ದ. ಗೇಟು ದಾಟಿ ಆಚೆ ಬಂದನೆಂದರೆ ಎರಡನ್ನೂ ಕೈಯಲ್ಲೇ ಹಿಡಿದುಕೊಂಡು ನಿಲ್ಲುತ್ತಿದ್ದ. ಹಬ್ಬಕ್ಕೆ ಅಂಗಿ ತರಲು ಹೋದವನು ನೀಲಿಯೋ ಹಸಿರೋ ಎನ್ನುವುದರಲ್ಲಿ ಹಬ್ಬವೇ ಮುಗಿದು, ಹಳೆಯ ಅಂಗಿಯಲ್ಲೇ ಒಬ್ಬಟ್ಟು ತಿಂದಿದ್ದ. ಹೆಣ್ಣು ನೋಡಿದ್ದೂ ಹಾಗೆಯೇ. ತಳಿ ಊರಿನ ಕಡೆಯ ಒಬ್ಬಳು ಬಾಲವಾಡಿ ಟೀಚರು, ಮತ್ತಿಗಿರಿಯ ಒಬ್ಬಳು ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ಇವಳ ಎತ್ತರ ಚೆನ್ನ, ಅವಳ ಗುಣ ಚೆನ್ನ ಎಂದು ತೂಗುತ್ತಾ ಕೂತ. ಅಷ್ಟರಲ್ಲಿ ಟೀಚರಮ್ಮನ ಕಂಕುಳಲ್ಲಿ ಕೂಸು ಬಂತು. ಮತ್ತಿಗಿರಿಯವಳ ಮದುವೆಗೆ ಇವನೇ ಹೋಗಿ ಉಂಡು ಬಂದು, ಪಾಯಸ ತೆಳ್ಳಗಿತ್ತು ಎಂದು ಭಾಗ್ಯಮ್ಮನಿಗೆ ವರದಿ ಕೊಟ್ಟ.

ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ನಲ್ಲಿ ನೀರು ಬಂದಾಗ ಅವಳ ಕೊಡಗಳನ್ನೂ ತುಂಬಿಕೊಡುತ್ತಿದ್ದ. ಕೆಟ್ಟವನಾಗಿದ್ದರೆ ಬೈದು ಆಚೆಗಟ್ಟುವುದಾದರೂ ಸುಲಭವಿತ್ತು.

ಅವನ ಕ್ಯಾಮೆರಾಗಳ ಗೊಡವೆ ಭಾಗ್ಯಮ್ಮನಿಗೆ ಬೇಕಿರಲಿಲ್ಲ. ಆದರೆ ಮಾಘದಲ್ಲಿ ಮೊಮ್ಮಗಳು ಮೇಘಶ್ರೀಯ ಮದುವೆ ಗೊತ್ತಾಗಿತ್ತು. ಭೈರೇಶನ ಕಾರ್ಖಾನೆಯಲ್ಲೇ ದುಡಿಯುತ್ತಿದ್ದ ಅಳಿಯ ನಂಜಪ್ಪ, “ಮನೇಲೇ ಫೋಟೋದೋನು ಇರೋವಾಗ ಹೊರಗಿನೋನು ಯಾಕೆ?” ಎಂದು ಅವನನ್ನೇ ಗೊತ್ತುಮಾಡಿಬಿಟ್ಟ. ವಿಡಿಯೋದವನನ್ನೂ ಕರೆಸೋಣ ಎಂದು ಮಗಳು ಕೋಮಲಾ ಅಂದಾಗ ಭೈರೇಶನೇ ಅಡ್ಡ ಬಂದ. “ಅವ್ರ ಲೈಟು ಬಿದ್ರೆ ನನ್ ಫೋಟೋ ಎಲ್ಲಾ ಸುಣ್ಣ ಬಳ್ದಂಗೆ ಆಯ್ತವೆ ಅಕ್ಕ, ಬ್ಯಾಡ.” ಹೀಗೆ ಇಡೀ ಮದುವೆ ಅವನ ಎರಡು ಚೀಲಗಳೊಳಗೆ ಹೋಗಿ ಕೂತಿತು.

ಭಾಗ್ಯಮ್ಮನಿಗೆ ಆ ಮದುವೆಯಲ್ಲಿ ಬೇಕಾಗಿದ್ದದ್ದು ಒಂದೇ ಚಿತ್ರ. ಗಂಡನಿಲ್ಲದವಳು ತಾಳಿ ಕಟ್ಟುವ ಹೊತ್ತಿನಲ್ಲಿ ಮಂಟಪದ ಮುಂದೆ ಸುಳಿಯುವ ಹಾಗಿಲ್ಲ. ಉಗ್ರಾಣದ ಬೀಗದ ಕೈ ಕೊಟ್ಟು, ಸಕ್ಕರೆ, ತೆಂಗಿನಕಾಯಿ ಕಾಯಲು ಕೂರಿಸುತ್ತಾರೆ. ಅದು ಮರ್ಯಾದೆಯೋ ಕಾವಲೋ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೋಮಲಾಳ ಮದುವೆಯಲ್ಲೂ ಅವಳು ಉಗ್ರಾಣದಲ್ಲೇ ಇದ್ದಳು. ಹೆತ್ತ ಮಗಳ ಕೊರಳಿಗೆ ತಾಳಿ ಬಿದ್ದದ್ದನ್ನು ಅವಳು ಕಂಡದ್ದು ಆಮೇಲೆ, ಸ್ಟುಡಿಯೋ ಪಾಪಯ್ಯ ತಂದುಕೊಟ್ಟ ಚಿತ್ರದಲ್ಲಿ. ಪಾಪಯ್ಯನಿಗೆ ಇದ್ದದ್ದು ಒಂದು ಕ್ಯಾಮೆರಾ. ಬಗ್ಗಿ ನಿಂತು ಕಾಯುತ್ತಿದ್ದ, ಒತ್ತುತ್ತಿದ್ದ, ಊಟದ ಪಂಕ್ತಿಯ ಕಡೆಗೆ ನಡೆಯುತ್ತಿದ್ದ. ಅವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆ ಚಿತ್ರದಲ್ಲಿ ಮಗಳ ಕಣ್ಣಂಚಿನ ನೀರು ಕೂಡ ಕಾಣುತ್ತಿತ್ತು.

“ನೋಡ್ಲಾ ಭೈರ, ನಂಗೆ ಆಲ್ಬಮ್ಮು ಗೀಲ್ಬಮ್ಮು ಬ್ಯಾಡ,” ಎಂದು ಅವಳು ಅವನನ್ನು ಕೂರಿಸಿಕೊಂಡು ಹೇಳಿದಳು. “ತಾಳಿ ಕಟ್ಟೋದು ಒಂದು ತೆಗ್ದುಕೊಡು. ನಾನು ಅವಾಗ ಒಳ್ಗೆ ಕಾಯಿ ಎಣಿಸ್ಕಂಡು ಕೂತಿರ್ತೀನಿ. ನಂಗೆ ನೋಡಾಕೆ ಸಿಗೋದು ಅದೊಂದೇ.”

“ಒಂದ್ಯಾಕಜ್ಜಿ? ಕ್ಯಾನನ್ನು ಸೆಕೆಂಡಿಗೆ ಐದು ಹೊಡೀತದೆ. ಬಣ್ಣ ಬೇಕು ಅಂದ್ರೆ ನಿಕಾನು ಐತೆ. ಎರಡ್ರಾಗೂ ತೆಗ್ದು ಪಕ್ಕ ಪಕ್ಕ ಇಡ್ತೀನಿ, ಯಾವ್ದು ಬೇಕೋ ನೀವೇ ಆರಿಸ್ಕಳಿ.”

ಆರಿಸಿಕೊಳ್ಳುವ ಮಾತು ಕೇಳಿದ್ದೇ ಅವಳಿಗೆ ಆ ಹಬ್ಬದ ಅಂಗಿ ನೆನಪಾಯಿತು.

ಅಲ್ಲಿಂದ ಮದುವೆಯವರೆಗೆ ಆ ಮನೆಯಲ್ಲಿ ನಡೆದ ನಾಟಕ ನೋಡುವಂಥದ್ದು. ಶಿಫ್ಟು ಮುಗಿಸಿ ಬಂದವನು ತಮಿಳು ಪೇಪರನ್ನು ಗೋಡೆಗೆ ಅಂಟಿಸಿ, ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ ತೆಗೆಯುವನು. ಇಟ್ಟಿಗೆ ಗೋಡೆ ತೆಗೆದ. ಒಣಹಾಕಿದ ಲಂಗ ತೆಗೆದ. ಓಡುವುದನ್ನು ತೆಗೆಯಬೇಕೆಂದು ಪಕ್ಕದ ಮನೆಯ ಕೋಳಿಯನ್ನು ಬೀದಿಯುದ್ದಕ್ಕೂ ಅಟ್ಟಿಸಿ, ಕೋಳಿಯವಳ ಬಾಯಲ್ಲಿ ತೆಲುಗಿನ ಬೈಗುಳವೆಲ್ಲ ಕೇಳಿಸಿಕೊಂಡು ಬಂದ. ಕತ್ತಲಿಗೆ ಯಾವುದು ಮೇಲು ಎಂದು ನೋಡಲು ಭಾಗ್ಯಮ್ಮನನ್ನೇ ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ, ಒಂದು ಮಂಕು ಬಲ್ಬು ಉಳಿಸಿ, ಎರಡರಲ್ಲೂ ತೆಗೆದು, ತನ್ನ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ಅವಳ ಮೂಗನ್ನು ಕುಂಬಳಕಾಯಿಯಷ್ಟು ದೊಡ್ಡದು ಮಾಡಿ ತೋರಿಸಿದ.

“ನೋಡಿ, ಇದ್ರಾಗೆ ರವೆ ಚೆಲ್ದಂಗೆ ಚುಕ್ಕಿ ಚುಕ್ಕಿ. ಅದ್ರಾಗೆ ನುಣ್ಗೈತೆ. ಆದ್ರೆ ಇದ್ರಾಗೆ ಮೈಬಣ್ಣ ಚೆಂದ ಬಂದೈತೆ.”

“ಮುಖ ಎಲ್ಲಿಲಾ?”

“ಮುಖ ಆಮೇಲೆ ಅಜ್ಜಿ. ಮೊದ್ಲು ಚುಕ್ಕಿ ನೋಡಿ.”

ನಿಕಾನಿನ ಹಿಡಿಯ ಹತ್ತಿರ ಒಂದು ಕೆಂಪು ಗೀರಿತ್ತು. ಭಾಗ್ಯಮ್ಮ ಅದಕ್ಕೆ ‘ಕುಂಕುಮದೋಳು’ ಎಂದು ಹೆಸರಿಟ್ಟಳು. ಇನ್ನೊಂದು ‘ಕಿರೇಳು’. ಅವನು ಮಹಡಿ ಇಳಿದು ಬಂದಾಗಲೆಲ್ಲ, “ಇವತ್ತು ಯಾರ ಮನೇಲಿ ಊಟನಪ್ಪಾ, ಕುಂಕುಮದೋಳ್ದೋ ಕಿರೇಳ್ದೋ?” ಎಂದು ಕೇಳುವಳು. ಅವನು ನಗದೆ, “ಇನ್ನೂ ತೀರ್ಮಾನ ಆಗಿಲ್ಲ ಅಜ್ಜಿ,” ಎನ್ನುವನು. ಪಾಪ, ಆ ಯಂತ್ರಗಳಲ್ಲಿ ಯಾವ ಐಬೂ ಇರಲಿಲ್ಲ. ಅವುಗಳಲ್ಲಿ ಯಾವುದನ್ನೇ ಪಾಪಯ್ಯನ ಕೈಗೆ ಕೊಟ್ಟಿದ್ದರೂ ಚಿತ್ರ ಬರುತ್ತಿತ್ತು.

ಮದುವೆ ಮತ್ತಿಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ. ಗಂಡಿನವರು ಕೃಷ್ಣಗಿರಿಯಿಂದ ಬಂದಿದ್ದರು. ಮುಹೂರ್ತ ಬೆಳಗಿನದು. ಭಾಗ್ಯಮ್ಮ ಉಗ್ರಾಣದ ಬಾಗಿಲಿಗೆ ಮಣೆ ಹಾಕಿಕೊಂಡು ಕೂತಿದ್ದಳು. ಅಲ್ಲಿಂದ ಮಂಟಪದ ಮೇಲಿನ ಹೂವಿನ ಸರ ಕಾಣುತ್ತಿತ್ತು, ಅದರ ಕೆಳಗೆ ಬರೀ ಜನರ ಬೆನ್ನು. ಬೆನ್ನುಗಳ ಮೇಲೆ ಒಂದು ತಲೆ ಅತ್ತಿತ್ತ ಆಡುತ್ತಿತ್ತು. ಒಂದು ಕುರ್ಚಿ ಹತ್ತಿ ನಿಂತಿದ್ದ ಭೈರೇಶ. ಎರಡು ಕ್ಯಾಮೆರಾಗಳನ್ನೂ ಕೊರಳಿಗೆ ನೇತುಹಾಕಿಕೊಂಡಿದ್ದ. ಅವು ಒಂದಕ್ಕೊಂದು ತಗುಲಿ ಕೋಲೆ ಬಸವನ ಗಂಟೆಯ ಹಾಗೆ ಸದ್ದು ಮಾಡುತ್ತಿದ್ದವು. ಬೆಳಕು ಚೆಲ್ಲುವ ಫ್ಲಾಶು ಮಾತ್ರ ಅವನ ಹತ್ತಿರ ಇದ್ದದ್ದು ಒಂದೇ. ಅದನ್ನು ಯಾವ ಕ್ಯಾಮೆರಾ ಬೇಕೋ ಅದರ ತಲೆಗೆ ಸಿಕ್ಕಿಸಬೇಕು.

ಪುರೋಹಿತರು ಕೈ ಎತ್ತಿದರು. ಓಲಗದವರು ಗಟ್ಟಿಮೇಳಕ್ಕೆ ಉಸಿರು ತುಂಬಿಕೊಂಡರು. ಫ್ಲಾಶು ಕುಂಕುಮದವಳ ತಲೆಯ ಮೇಲಿತ್ತು. ಭೈರೇಶ ಅದನ್ನು ಕಣ್ಣಿಗೆ ಏರಿಸಿದ. ಇಳಿಸಿದ. ಕಿಟಕಿಯ ಕಡೆ ನೋಡಿದ. ಆಮೇಲೆ ಫ್ಲಾಶನ್ನು ಕಿತ್ತು ಕಿರಿಯವಳ ತಲೆಗೆ ಸಿಕ್ಕಿಸಲು ತಡಕಾಡತೊಡಗಿದ.

ನೀಲಿ ಅಂಗಿ, ಹಸಿರು ಅಂಗಿ. ಭಾಗ್ಯಮ್ಮನಿಗೆ ಅಷ್ಟು ಸಾಕಾಯಿತು. ಈ ಮುಠ್ಠಾಳನನ್ನು ನಂಬಿಕೊಂಡು ಕೂತರೆ ಮೊಮ್ಮಗಳ ತಾಳಿಯನ್ನು ತಾನು ಯಾವ ಕಾಗದದಲ್ಲೂ ನೋಡಲಾರೆ ಎಂದು ಗೊತ್ತಾಗಿಹೋಯಿತು. ಎದ್ದಳು. ಉಗ್ರಾಣದ ಬಾಗಿಲು ಹಾರುಹೊಡೆದಿದ್ದ ಹಾಗೇ ಬಿಟ್ಟು, ಸೆರಗು ಹೊದ್ದು, ಜನರನ್ನು ಮೊಣಕೈಯಿಂದ ಸರಿಸುತ್ತಾ ಹೋಗಿ ಮಂಟಪದ ಕಂಬ ಹಿಡಿದು ನಿಂತಳು. ಕೋಮಲಾ ತಾಯಿಯನ್ನು ನೋಡಿದಳು. ಸ್ವಲ್ಪ ಪಕ್ಕಕ್ಕೆ ಸರಿದಳು.

ಓಲಗ ಮೊಳಗಿತು. ಹುಡುಗ ತಾಳಿಯ ದಾರ ಹಿಡಿದು ಬಾಗಿದ. ಮೊದಲ ಗಂಟಿಗೆ ಜಡೆಯ ಮಲ್ಲಿಗೆ ಸಿಕ್ಕಿಕೊಂಡಿತು. ಯಾರೂ ಹೇಳದೆಯೇ ಮೇಘಶ್ರೀ ಕತ್ತು ಬಗ್ಗಿಸಿ, ತನ್ನ ಬೆರಳಿಂದಲೇ ಹೂವನ್ನು ಎತ್ತಿ ಹಿಡಿದು, ಅವನಿಗೆ ದಾರಿ ಬಿಟ್ಟಳು. ಅವನು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿ, ಶಾಲೆಯ ಹುಡುಗ ಲೆಕ್ಕ ಮಾಡುವ ಹಾಗೆ, ಗಂಟುಗಳನ್ನು ಬಿಗಿದ. ಭಾಗ್ಯಮ್ಮ ರೆಪ್ಪೆ ಮಿಟುಕಿಸದೆ ನೋಡಿದಳು.

ಪಕ್ಕದಲ್ಲಿದ್ದ ಗಂಡಿನ ಕಡೆಯ ಸೋದರತ್ತೆ ಅವಳ ಬೋಳು ಹಣೆ ನೋಡಿ, “ನೀನ್ಯಾಕವ್ವ ಈ ಹೊತ್ನಲ್ಲಿ ಇಲ್ಲಿ?” ಎಂದಳು.

“ಫೋಟೋದೋನ್ಗೆ ಪುರುಸೊತ್ತಾಗಿಲ್ಲ ಕಣವ್ವ,” ಎಂದಳು ಭಾಗ್ಯಮ್ಮ. “ಅವನ ಬದ್ಲು ನಾನು ಬಂದೆ.”

ಅಷ್ಟು ಹೊತ್ತಿಗೆ ಫ್ಲಾಶು ಸಿಕ್ಕಿಕೊಂಡಿತು. ಝಗ್ಗೆಂದು ಬೆಳಕು ಬಿತ್ತು. ತಾಳಿ ಆಗಲೇ ಕೊರಳಲ್ಲಿತ್ತು, ಹುಡುಗ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ಭೈರೇಶ ಕುರ್ಚಿಯ ಮೇಲಿಂದಲೇ ಕೂಗಿ ಹೇಳಿದ:

“ಸ್ವಾಮಿ, ಒಂದ್ ನಿಮಿಷ. ಅದನ್ನ ಬಿಚ್ಚಿ ಇನ್ನೊಂದ್ಸಲ ಕಟ್ಟಿ. ಈಗ ಸೆಟ್ಟಿಂಗು ಸರಿಯಾಗೈತೆ.”

ಓಲಗದವನು ಊದುವುದನ್ನು ನಿಲ್ಲಿಸಿದ. ಪುರೋಹಿತರು ಮಂತ್ರಾಕ್ಷತೆಯ ತಟ್ಟೆ ಕೆಳಗಿಟ್ಟು, ತಣ್ಣಗೆ, “ತಾಳಿಗೆ ಆ ಮಾತು ಬಳಸಬಾರದಪ್ಪ. ನೀನು ಇಳಿ,” ಎಂದರು. ಸೋದರತ್ತೆ ಸಿಟ್ಟಿನಿಂದ ತಮಿಳಿನಲ್ಲಿ ಶಾಪ ಹಾಕಿದಳು. ನಂಜಪ್ಪ ಹೋಗಿ ಅವನ ಪಂಚೆಯ ಅಂಚು ಹಿಡಿದು ಕುರ್ಚಿಯಿಂದ ಕೆಳಗೆಳೆದ. ಅಷ್ಟಾದರೂ ಅವನು ಇಳಿಯುತ್ತಾ, “ನಿಕಾನಲ್ಲೇ ತೆಗೀಬೇಕಿತ್ತು ಅನ್ಸುತ್ತೆ,” ಎಂದು ಗೊಣಗಿದ. ಆಮೇಲೆ ನೆಂಟರ ಮೊಬೈಲುಗಳಲ್ಲೆಲ್ಲ ಹುಡುಕಿದರು. ಸಿಕ್ಕಿದ್ದು ಬೆನ್ನುಗಳು, ಒಂದು ಕುರ್ಚಿ, ಕುರ್ಚಿಯ ಮೇಲೆ ಭೈರೇಶ.

ಬೀಗರ ಮುಂದೆ ಮುಖ ಹೋದ ನಂಜಪ್ಪ ಅವನಿಗೆ ಕೋಣೆ ಖಾಲಿ ಮಾಡು ಎಂದ. ಅವನು ಮತ್ತಿಗಿರಿಯಲ್ಲಿ ಎರಡು ಕೋಣೆ ನೋಡಿ, ಒಂದರಲ್ಲಿ ಗಾಳಿ ಚೆನ್ನ, ಒಂದರಲ್ಲಿ ನೀರು ಚೆನ್ನ ಎನ್ನುತ್ತಾ ದಿನ ದೂಡಿದ. ಕೊನೆಗೆ ಮನೆಯವನೊಬ್ಬ ಬೇರೆಯವರಿಗೆ ಕೊಟ್ಟುಬಿಟ್ಟದ್ದರಿಂದ ಉಳಿದದ್ದಕ್ಕೆ ಹೋಗಬೇಕಾಯಿತು.

ಹೊರಟ ದಿನ ಹೆಗಲಿಗೆ ಅವೇ ಎರಡು ಚೀಲ ಹಾಕಿಕೊಂಡು, ಮಹಡಿಯ ಮೇಲೆ ರಾಗಿ ಹರಡುತ್ತಿದ್ದ ಭಾಗ್ಯಮ್ಮನ ಹತ್ತಿರ ಬಂದ. ಕೈಯಲ್ಲಿ ಎರಡು ದೊಡ್ಡ ಚಿತ್ರಗಳು.

“ಅಜ್ಜಿ, ನಿಮ್ ತಾಳಿ ಫೋಟೋ. ಮುಂಚಿಂದು ಒಂದು, ಆಮೇಲಿಂದು ಒಂದು ಐತಲ್ಲ, ಎರಡೂ ಸೇರಿಸಿ ಕಂಪ್ಯೂಟರ್‌ನಾಗೆ ಮಾಡಿವ್ನಿ. ಯಾರ್ಗೂ ಗೊತ್ತಾಗಕಿಲ್ಲ.”

ಅವಳು ರಾಗಿಯ ಕೈಯನ್ನು ಸೀರೆಗೆ ಒರೆಸಿ, ಚಿತ್ರಗಳನ್ನು ಬಿಸಿಲಿಗೆ ಹಿಡಿದಳು. ಎರಡರಲ್ಲೂ ಮೇಘಶ್ರೀ ಕತ್ತು ನೆಟ್ಟಗೆ ಇಟ್ಟುಕೊಂಡು ಕೂತಿದ್ದಳು. ಮಲ್ಲಿಗೆ ಬಾಚಣಿಗೆಯಲ್ಲಿ ಬಾಚಿದ ಹಾಗೆ ಸಾಲಾಗಿತ್ತು. ಹುಡುಗನ ತೋಳಿನ ತುದಿಗೆ ಇದ್ದ ಕೈಗಳು ಮಾತ್ರ ಅವನವಲ್ಲ. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು.

“ಇದ್ಯಾರ ಕೈಲಾ?”

“ನಂದೇ ಅಜ್ಜಿ. ಟೈಮರ್ ಇಟ್ಟು, ದಾರ ಹಿಡ್ಕಂಡು ತೆಕ್ಕಂಡೆ.”

“ಅಂತೂ ಒಂದು ಹೆಣ್ಣಿಗೆ ತಾಳಿ ಕಟ್ಬುಟ್ಟೆ ಅನ್ನು. ಅವಳ ಗಂಡಂಗೆ ಹೇಳಿದ್ಯಾ?”

ಅವನಿಗೆ ಅದು ನಾಟಲಿಲ್ಲ. ಭಾಗ್ಯಮ್ಮ ಚಿತ್ರವನ್ನು ಇನ್ನೂ ಹತ್ತಿರ ಹಿಡಿದಳು. ಕಂಬ ಇತ್ತು. ಕಂಬದ ಪಕ್ಕ ಬಾಳೆಗಿಡದ ಎಲೆಗಳು ಒತ್ತಾಗಿ ಬೆಳೆದಿದ್ದವು, ಅಲ್ಲಿ ನಿಜವಾಗಿ ಇದ್ದದ್ದಕ್ಕಿಂತ ಹೆಚ್ಚು.

“ಇಲ್ಲಿ ನಾನು ನಿಂತಿದ್ನಲ್ಲ.”

“ಆಮೇಲಿಂದ್ರಾಗೆ ಬಿದ್ದಿದ್ರಿ. ಅಳ್ಸಿ ಎಲೆ ಹಾಕಿವ್ನಿ. ಬೀಗರು ನೋಡಿದ್ರೆ ಚೆನ್ನಾಗಿರಕಿಲ್ಲ ಅಲ್ವಾ?”

ಅವನು ಎರಡು ಚಿತ್ರಗಳನ್ನೂ ಅವಳ ಕೈಯಿಂದ ಹಿಂದಕ್ಕೆ ತೆಗೆದುಕೊಂಡು, ಪಕ್ಕ ಪಕ್ಕ ಹಿಡಿದು, ಕಾರ್ಖಾನೆಯಲ್ಲಿ ತುಂಡು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ. ಅದಾದ ಮೇಲೆ ಅವನು ಆ ಮನೆಯ ಕಡೆ ತಲೆ ಹಾಕಿದವನಲ್ಲ. ಅವಳನ್ನು ಅವನು ಕೊನೆಯದಾಗಿ ಕೇಳಿದ್ದು ಇಷ್ಟೇ:

“ಒಂದ್ರಾಗೆ ಬಲಗೈ ಮೇಲೆ ಇಟ್ಟಿವ್ನಿ, ಒಂದ್ರಾಗೆ ಎಡಗೈ. ನೀವು ಹತ್ರ ನಿಂತು ನೋಡಿದ್ರಲ್ಲ ಅಜ್ಜಿ, ಗಂಟು ಬಿಗಿಯೋವಾಗ ಯಾವ ಕೈ ಮೇಲಿತ್ತು ಹೇಳ್ತೀರಾ?”