ಜಡೆಸ್ವಾಮಿಗೆ ಬಳಿದ ಸುಣ್ಣ

ಅಥವಾ ಆ ಮಾತನ್ನು ಹೇಳಿದವನು ನಾನೇ ಇರಬಹುದು. ಅಲ್ಲ ಎನ್ನಲು ನನ್ನ ಬಳಿ ಯಾವ ಆಧಾರವೂ ಇಲ್ಲ. ಬೆಳಗ್ಗೆಯಿಂದ ಪಕ್ಕದ ಮನೆಯವರು ಕಾಂಪೌಂಡಿಗೆ ಸುಣ್ಣ ಬಳಿಯುತ್ತಿದ್ದಾರೆ. ಕೊಳ್ಳೇಗಾಲದಲ್ಲಿ ಈಗ ಸುಣ್ಣ ಬಳಿಯುವವರು ಕಡಿಮೆ. ಎಲ್ಲರೂ ಡಬ್ಬಿಯ ಬಣ್ಣಕ್ಕೆ ಹೋಗಿದ್ದಾರೆ. ಹಸಿ ಸುಣ್ಣದ ವಾಸನೆ ನಿಮಗೂ ಗೊತ್ತಿರುತ್ತದೆ, ಮೂಗಿಗಿಂತ ಮೊದಲು ಗಂಟಲಿಗೆ ತಿಳಿಯುವಂಥದ್ದು. ಅದು ಕಿಟಕಿಯಿಂದ ಒಳಗೆ ಬಂದದ್ದೇ ತಡ, ಓದುತ್ತಿದ್ದ ಪತ್ರಿಕೆ ತೊಡೆಯ ಮೇಲೆ ಉಳಿಯಿತು. ಕಣ್ಣ ಮುಂದೆ ಬಂದದ್ದು ಕಾಡಿನ ನಡುವೆ ಮದುವೆಗೆ ಹೊರಟವರ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದ ಒಂದು ಕಲ್ಲು. ಹಿಂದೆಯೇ ಮಾದಮ್ಮನ ದನಿ: "ನೀವೇ ಅಲ್ವಾ ಸಾ ಯೋಳಿದ್ದು, ಜಾಗ ಚೆಂದಾಗಿ ಕಾಣ್ಬೇಕು ಅಂತವ?"

ನಾನು ಹಾಗೆ ಹೇಳಿದ ನೆನಪು ನನಗಿಲ್ಲ. ಆದರೆ ಫೋನಿನಲ್ಲಿ ಮಾತು ಮುಗಿಸುವುದಕ್ಕೆಂದು ಏನಾದರೊಂದು ಹೇಳಿಬಿಡುವ ಚಾಳಿ ನನಗಿದೆ. ಚೆನ್ನಾಗಿರಲಿ, ನೀಟಾಗಿರಲಿ, ನೋಡೋಣ ಬಿಡಿ. ಇಂಥವೇ. ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬುದು ನನಗೆ ಬಹಳ ದಿನದಿಂದ ಗೊತ್ತು. ಆದ್ದರಿಂದ ಈ ವಿಷಯದಲ್ಲಿ ಮಾದಮ್ಮ ಹೇಳಿದ್ದೇ ಸರಿ ಎಂದುಕೊಂಡು ಮುಂದೆ ಹೋಗೋಣ.

ತೊಡೆಯ ಮೇಲಿದ್ದ ಪತ್ರಿಕೆಯಲ್ಲಿ ವಿದೇಶದ ಸುದ್ದಿಯ ಪುಟ ತೆರೆದಿತ್ತು. ಈಚೆಗೆ ಆ ಪುಟದ ಅರ್ಧ ಇದೇ. ಒಂದು ದೇಶದಲ್ಲಿ ತರಗತಿಯ ಗೋಡೆಗೆ ದೇವರ ಕಟ್ಟಳೆಗಳನ್ನು ತೂಗುಹಾಕಬಹುದೇ ಎಂದು ನ್ಯಾಯಾಧೀಶರು ಕೂತು ಯೋಚಿಸುತ್ತಿದ್ದಾರೆ. ಇನ್ನೊಂದರಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡವರು ಕೆಲಸಕ್ಕೆ ಬರಬಹುದೇ ಎಂದು. ಮತ್ತೊಂದು ಕಡೆ ಒಂದು ಬೆಟ್ಟ ಅಲ್ಲಿನ ಮೂಲನಿವಾಸಿಗಳಿಗೆ ದೇವರು, ಗಣಿಯವರಿಗೆ ತಾಮ್ರ; ಅಗೆಯಬಹುದೇ ಬಾರದೇ ಎಂದು. ನಮ್ಮ ದೇಶದ್ದಂತೂ ಹೇಳುವುದೇ ಬೇಡ, ಇಲ್ಲಿ ಎಷ್ಟೋ ದಾವೆಗಳಲ್ಲಿ ದೇವರೇ ವಾದಿ. ಇದನ್ನೆಲ್ಲ ನಾನು ತಲೆದೂಗಿಕೊಂಡು ಓದುತ್ತೇನೆ, ಕಾನೂನು ಓದಿದವನಲ್ಲವೇ. ಕಾನೂನು ಓದಿ, ಎರಡು ವರ್ಷ ಕರಿಕೋಟು ತೊಟ್ಟು, ಎದ್ದುನಿಂತು ಮಾತಾಡುವಾಗ ಕಾಲು ನಡುಗುತ್ತದೆಂದು ಖಾತ್ರಿಯಾದ ಮೇಲೆ ಕೋರ್ಟಿನ ಎದುರು ಮೇಜು ಹಾಕಿಕೊಂಡು ಪ್ರಮಾಣಪತ್ರ ಟೈಪ್ ಮಾಡುವವನಾದೆ. ಕೂತು ಮಾಡುವ ಕೆಲಸ. ನನಗೆ ಒಗ್ಗಿದೆ.

ಪ್ರಮಾಣ ಎಂಬುದರ ಬಗ್ಗೆ ಆ ಮೇಜಿನಿಂದ ನಾನು ಕಂಡುಕೊಂಡ ಒಂದು ಸಂಗತಿ ಇದೆ. ಒಳಗೆ ಕಟಕಟೆಯಲ್ಲಿ ನಿಂತು "ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ" ಎನ್ನಲು ನಮ್ಮ ಜನ ಕ್ಷಣವೂ ತಡೆಯುವುದಿಲ್ಲ. ಆ ದೇವರು ಯಾರು, ಎಲ್ಲಿದ್ದಾನೆ, ಯಾರಿಗೂ ತಿಳಿಯದು. ಅದೇ ಮನುಷ್ಯ ಹೊರಗೆ ಜಗಲಿಗೆ ಬಂದಾಗ ಎದುರು ಪಕ್ಷದವನು "ಬಾರ್ಲಾ ಬೆಟ್ಟುಕ್ಕೆ, ಮಾದಪ್ಪನ ಮುಂದೆ ನಿಂತ್ಕಂಡು ಇದ್ನೇ ಯೋಳು" ಎಂದರೆ ಮುಖ ಇಳಿದುಹೋಗುತ್ತದೆ. ಮಾದಪ್ಪನಿಗೆ ವಿಳಾಸವಿದೆ, ಹನೂರಿನಿಂದ ಬಸ್ಸಿದೆ. ಹಾಗೆ ಜಗಲಿಯಲ್ಲೇ ರಾಜಿಯಾದ ದಾವೆಗಳನ್ನು ನಾನು ಕಂಡಿದ್ದೇನೆ. ಕಂಡಿದ್ದೇನೆ ಎಂದೆನೆ? ಒಂದನ್ನು ಕಂಡಿದ್ದೇನೆ, ಉಳಿದವನ್ನು ಕೇಳಿದ್ದೇನೆ. ಈ ವ್ಯತ್ಯಾಸವನ್ನು ನನಗೆ ಕಲಿಸಿದವರು ಬೇರೆಯವರು, ಅವರ ಕಥೆಯೇ ಇದು.

ಮಾದಮ್ಮ ಒಡೆಯರಪಾಳ್ಯದಿಂದಾಚೆ ಒಂದು ಪೋಡಿನವರು, ಅಂದರೆ ಸೋಲಿಗರ ಹಾಡಿಯವರು. ಅಂಗನವಾಡಿಯಲ್ಲಿ ಸಹಾಯಕಿ, ಜೊತೆಗೆ ಆ ಪೋಡಿನ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿ. ಮೂರು ವರ್ಷದ ಹಿಂದೆಯೋ ನಾಲ್ಕೋ, ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ವಿಷಯ ಸರಳ. ಅವರ ಹಿರಿಯರು ಕಾಡಿನ ಒಳಗಿದ್ದವರು. ಬಹಳ ಹಿಂದೆ ಅವರನ್ನು ಕೆಳಗೆ ರಸ್ತೆಯ ಬದಿಗೆ ತಂದು ಕೂರಿಸಿದರು. ಜನ ಬಂದರು, ದೇವರು ಬರಲಿಲ್ಲ. ಅವರ ಜಡೆಸ್ವಾಮಿ ಈಗಲೂ ಒಳಗೆ, ಅರಣ್ಯ ಇಲಾಖೆಯ ಗೇಟು ದಾಟಿ ಒಂದು ಗಂಟೆ ನಡೆದರೆ. ಪೂಜೆಗೆ ಹೋಗಬೇಕಾದರೆ ಪ್ರತಿ ಸಲ ಗೇಟಿನಲ್ಲಿ ಕೇಳಬೇಕು, ಹೆಸರು ಬರೆಸಬೇಕು, ಕೆಲವು ಸಲ ಕಾದು ವಾಪಸು ಬರಬೇಕು.

"ನಮ್ಮಕ್ಕನ್ನ ಯಳಂದೂರ್ ಕಡೀಕೆ ಕೊಟ್ಟದೆ ಸಾ. ಅವ್ರಿಗೆ ಕಾಗ್ದ ಬಂದದೆ, ಅವ್ರು ಕೇಳ್ದೆ ಓಯ್ತರೆ. ನಮ್ಮಾವ್ನೇ ತಮ್ಮಡಿ, ಪೂಜೆ ಮಾಡೋರು. ವಯ್ಸಾಗದೆ. ಸಾಯದ್ರೊಳಗೆ ಒಂದಪನಾದ್ರೂವೆ ಯಾರ್ನೂ ಕೇಳ್ದೆ ಓಗ್ಬುಟ್ಟು ಬರ್ಬೇಕು ಅಂತರೆ."

ಅಷ್ಟೇ ಕೇಳಿಕೆ. ಕಾನೂನಿನಲ್ಲಿ ಅದಕ್ಕೆ ದಾರಿಯೂ ಇತ್ತು. ಹಕ್ಕಿಗೆ ಅರ್ಜಿ ಹಾಕುವವರು ಪಟ್ಟೆ ಪಹಣಿ ತರಬೇಕಿಲ್ಲ. ಹಳೆಯ ದೇವರ ಜಾಗ, ಮಣ್ಣು ಮಾಡಿದ ಜಾಗ, ಹಿರಿಯರ ಹೇಳಿಕೆ, ಇವೂ ಸಾಕ್ಷ್ಯವೇ. ದೇವರನ್ನು ಸಾಕ್ಷಿಯಾಗಿ ಒಪ್ಪುವ ಕಾನೂನನ್ನು ನಾನು ಓದುವ ಕಾಲದಲ್ಲಿ ಯಾರೂ ಕಲಿಸಿರಲಿಲ್ಲ. ಉತ್ಸಾಹ ಬಂತು. ಅರ್ಜಿ ಟೈಪ್ ಮಾಡಿದೆ. ತಮ್ಮಡಿ ಕೇತೇಗೌಡರ ಹೇಳಿಕೆಯನ್ನೂ, ಅವರ ಮುಖ ನೋಡುವ ಮೊದಲೇ, ನಾನೇ ಟೈಪ್ ಮಾಡಿದೆ: "ಸುಮಾರು ಇನ್ನೂರು ವರ್ಷಗಳಿಂದ ನಮ್ಮ ವಂಶಸ್ಥರು ಸದರಿ ಸ್ಥಳದಲ್ಲಿ..." ಇನ್ನೂರು ಎಲ್ಲಿಂದ ಬಂತೆಂದು ಕೇಳಬೇಡಿ. ನೂರು ಕಡಿಮೆ ಅನ್ನಿಸಿತ್ತು, ಐನೂರು ಜಾಸ್ತಿ.

ಪರಿಶೀಲನೆಗೆ ಅಧಿಕಾರಿ ಬರುತ್ತಾರೆಂದು ತಿಳಿದ ದಿನ ಮಾದಮ್ಮ ನನಗೆ ಫೋನ್ ಮಾಡಿದರು. ಆ ಫೋನಿನಲ್ಲೇ ನಾನು ಚೆಂದಾಗಿ ಕಾಣಬೇಕು ಎಂದದ್ದು, ಅಥವಾ ಅನ್ನದೆ ಇದ್ದದ್ದು.

ಆ ದಿನ ಜೀಪಿನಲ್ಲಿ ಗೇಟಿನವರೆಗೆ ಹೋಗಿ, ಅಲ್ಲಿಂದ ನಡೆದೆವು. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ ಮೇಡಂ ಎರಡು ಸಲ ನಿಂತರು. ತಮಗಾಗಿ ನಿಂತಂತೆ ನಟಿಸಿದರು. ತಿರುವು ದಾಟಿದೆವು. ಜಡೆಸ್ವಾಮಿ ಕಂಡ.

ಅಡಿಯಿಂದ ಮುಡಿಯವರೆಗೆ ಸುಣ್ಣ. ಸುತ್ತ ಹೊಸ ಸಿಮೆಂಟಿನ ಜಗಲಿ. ಮುಂದೆ ಕೆಮ್ಮಣ್ಣು ಸಾರಿಸಿ ರಂಗೋಲಿ. ಒಂದು ಒಣ ಎಲೆಯೂ ಇಲ್ಲದ ಹಾಗೆ ಗುಡಿಸಿದ್ದರು. ಪೋಡಿನ ಮನೆಮನೆಯಿಂದ ಸುಣ್ಣ ತಂದು, ಸಿಮೆಂಟ್ ಮೂಟೆಯನ್ನು ತಲೆಯ ಮೇಲೆ ಹೊತ್ತು, ಮೂರು ದಿನ ದುಡಿದು, ದೇವರನ್ನು ಹಳೆಯವನೆಂದು ಯಾರೂ ನಂಬದ ಹಾಗೆ ಮಾಡಿಟ್ಟಿದ್ದರು. ನೆಂಟರು ಬರುವಾಗ ನಾವು ಮನೆ ಸಾರಿಸುವುದಿಲ್ಲವೇ? ದೇವರ ಮನೆಗೆ ಸರ್ಕಾರವೇ ಬರುತ್ತಿತ್ತು.

ಮೇಡಂ ಚಪ್ಪಲಿ ಬಿಟ್ಟು ಹತ್ತಿರ ಹೋದರು. ಜಗಲಿಯ ಅಂಚಿಗೆ ಬಗ್ಗಿದರು. ಸಿಮೆಂಟು ಹಸಿಯಿದ್ದಾಗ ಯಾರೋ ಕಡ್ಡಿಯಲ್ಲಿ ತಾರೀಕು ಕೊರೆದಿದ್ದರು. ಆ ವಾರದ್ದೇ ತಾರೀಕು.

"ಇದೇನಮ್ಮಾ?"

"ನೆಪ್ಪಿಗಿರ್ಲಿ ಅಂತ ಬರ್ದವ್ರೆ ಮೇಡಮ್ಮೋರೆ," ಎಂದರು ಮಾದಮ್ಮ, ಹೆಮ್ಮೆಯಿಂದಲೇ.

"ಪುರಾತನ ಸ್ಥಳ ಅಂತ ಅರ್ಜಿಯಲ್ಲಿದೆ. ಇದು ಮೊನ್ನೆ ಕಟ್ಟಿದ್ದಲ್ವಾ?"

"ಜಗ್ಲಿ ಮೊನ್ನೇದು. ದ್ಯಾವ್ರು ಅಳೇವ್ನು."

"ಫೋಟೋದಲ್ಲಿ ಜಗಲಿನೇ ಅಲ್ವಾ ಕಾಣೋದು?"

ಆಗ ಮಾದಮ್ಮನಿಗೆ ಹೊಳೆಯಿತು. ಅವರು ಮೊದಲು ಜಗಲಿ ನೋಡಿದರು, ಆಮೇಲೆ ನನ್ನನ್ನು. "ನೀವೇ ಅಲ್ವಾ ಸಾ ಯೋಳಿದ್ದು" ಎಂದದ್ದು ಆಗಲೇ. ನಾನು ಕೈಯಲ್ಲಿದ್ದ ಕಡತದೊಳಗೆ ತಲೆ ತೂರಿಸಿದೆ. ಹಿರಿಯರ ಹೇಳಿಕೆ ಇದೆಯಲ್ಲ, ಅದು ಕಾಪಾಡುತ್ತದೆ ಎಂದುಕೊಂಡೆ.

ಕೇತೇಗೌಡರು ಅಷ್ಟು ಹೊತ್ತೂ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಎಲೆಯಡಿಕೆ ಅಗಿಯುತ್ತಿದ್ದರು. ಮೇಡಂ ಅವರ ಎದುರು ನೆಲದ ಮೇಲೆ ಕೂತರು.

"ತಾತ, ಇಲ್ಲಿ ಎಷ್ಟು ವರ್ಷದಿಂದ ಪೂಜೆ ನಡೀತಿದೆ?"

"ದ್ಯಾವ್ರ ವಯಸ್ಸ ನಾನೆಂಗವ್ವ ಯೋಳ್ಳಿ? ಅವ ಉಟ್ದಾಗ ನಾ ಇದ್ನಾ?"

ಎಲ್ಲರೂ ನಕ್ಕರು. ನಾನು ನಗುತ್ತಲೇ ಟೈಪ್ ಮಾಡಿದ ಕಾಗದ ತೆಗೆದು ಓದಿ, ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ತೆರೆದೆ. ಮುದುಕ ನನ್ನ ಕಡೆ ತಿರುಗಿದರು.

"ಇನ್ನೂರು ವರ್ಸ ಅಂತ ಬರ್ದಿದ್ದಯಲ್ಲಾ ಸಾಮಿ, ನೀ ಕಂಡಿದ್ಯಾ?"

"ಇಲ್ಲ ಗೌಡ್ರೇ, ಅದು ಅಂದಾಜು."

"ನಿನ್ನಂದಾಜ್ಗೆ ನಾ ಎಬ್ಬೆಟ್ಟೊತ್ನಾ? ಅವ ಇಲ್ಲೇ ನೋಡ್ತಾ ಕುಂತವ್ನೆ."

ಮಾದಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಮಾವ, ಒತ್ತು ಅಂದ್ರೆ ಒತ್ಬುಡು! ಇವತ್ ಬುಟ್ರೆ ಮೇಡಮ್ಮೋರು ಇನ್ನ್ಯಾವತ್ ಬಂದರು? ಕೇಳ್ದೆ ಓಗ್ಬೇಕು ಕೇಳ್ದೆ ಓಗ್ಬೇಕು ಅಂತ ನನ್ ಪ್ರಾಣ ತಿಂದವ್ನು ನೀನೇ ಅಲ್ವಾ?"

"ಓಗ್ಬೇಕು ಕಣವ್ವ. ಸುಳ್ಳೇಳ್ಬುಟ್ಟು ಓದ್ರೆ ಆಮೇಲಿಂದ ಇವ್ನೇ ಗೇಟ್ ಆಕ್ಕಂಡನು."

ಆಮೇಲೆ ಅವರು ಎಲೆಯಡಿಕೆ ಉಗಿದು ಬಂದು, ಬಾಯಿ ಮುಕ್ಕಳಿಸಿ, ಮೇಡಂಗೆ ಹೇಳಿದರು: "ನಮ್ಮಪ್ಪ ಪೂಜೆ ಮಾಡದ ನಾ ಕಂಡಿವ್ನಿ, ಬರ್ಕಳವ್ವ. ಅವ್ರಪ್ಪ ಮಾಡ್ತಿದ್ದ ಅಂತ ನಮ್ಮಪ್ಪ ಯೋಳ್ದ. ನಾ ಕಾಣ್ನಿಲ್ಲ, ಅದ್ನ ಬ್ಯಾರೆ ಬರ್ಕೊ. ಅದ್ಕಿಂತ ಮದ್ಲು ಏನೋ, ಇವ್ನೇ ಯೋಳ್ಬೇಕು."

ಕಣ್ಣಾರೆ ಕಂಡದ್ದಕ್ಕೂ ಇನ್ನೊಬ್ಬರಿಂದ ಕೇಳಿದ್ದಕ್ಕೂ ಸಾಕ್ಷ್ಯದಲ್ಲಿರುವ ಅಂತರವನ್ನು ಕಾಲೇಜಿನಲ್ಲಿ ನನಗೆ ಒಂದಿಡೀ ವರ್ಷ ಪಾಠ ಮಾಡಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ನಾನು ಬಿಟ್ಟಿದ್ದೆ. ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ಹಾಕಿದೆ. ಮೇಡಂ ತಮ್ಮ ಕೈಯಲ್ಲೇ ಎರಡು ಬೇರೆ ಬೇರೆ ಸಾಲುಗಳಾಗಿ ಬರೆದುಕೊಂಡರು. ಅದಕ್ಕೆ ಮಾತ್ರ ಮುದುಕ ಹೆಬ್ಬೆಟ್ಟು ಒತ್ತಿದರು.

ಒಬ್ಬ ಮುದುಕ, ಒಬ್ಬ ಅಪ್ಪ. ಅಷ್ಟರಿಂದ ಅರ್ಜಿ ನಿಲ್ಲುವುದಿಲ್ಲ ಎಂದು ನನಗೂ ಗೊತ್ತಿತ್ತು, ಮಾದಮ್ಮನಿಗೂ. ಇನ್ನು ಮುಂದಿನದನ್ನು ಹೇಳಲು ನನಗೆ ಸ್ವಲ್ಪ ಹಿಂಜರಿಕೆ, ಯಾಕೆಂದರೆ ಅದು ಬಹಳ ಚೆಂದವಾಗಿದೆ. ಇಷ್ಟು ಸಲೀಸಾಗಿ ಕೂತುಕೊಳ್ಳುವ ನೆನಪನ್ನು ಕಂಡರೆ ನನಗೆ ಅನುಮಾನ. ಮೇಡಂ ಎದ್ದು, "ಇಷ್ಟು ಗುಡಿಸಿದ್ದೀರಲ್ಲ, ಇಲ್ಲಿ ಮೊದಲು ಏನೂ ಇರಲಿಲ್ವಾ?" ಎಂದು ಕೇಳಿದರು.

"ಇದ್ವು ಮೇಡಮ್ಮೋರೆ, ತುಕ್ಕಿಡ್ದ ತ್ರಿಸೂಲ, ಒಡ್ದ ಗಂಟೆ. ಮಾನ್ವಾಗಿ ಕಾಣಲ್ಲ ಅಂತ ಎತ್ತಾಕುದ್ವು."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮತ್ತಿ ಮರದ ಬುಡುಕ್ಕೆ. ಯಾವಾಗ್ಲೂ ಅಲ್ಗೇ ಆಕದು."

ದೇವರಿಗೆ ಒಪ್ಪಿಸಿದ್ದನ್ನು ಮನೆಗೆ ಒಯ್ಯುವ ಹಾಗಿಲ್ಲ, ಹಳ್ಳಕ್ಕೆ ಎಸೆಯುವ ಹಾಗೂ ಇಲ್ಲ. ಆದ್ದರಿಂದ ಗುಡಿಸಿ ಬಳಿಯುವಾಗಲೆಲ್ಲ ಹಳೆಯದನ್ನು ಹಿಂದಿನ ಮತ್ತಿ ಮರದ ಬುಡದಲ್ಲಿ ಇಟ್ಟುಬರುತ್ತಾರೆ. ಮಾದಮ್ಮನ ಅತ್ತೆ ಇಟ್ಟಿದ್ದರು, ಅವರ ಅತ್ತೆಯೂ. ನಾವೆಲ್ಲ ಹಿಂದಕ್ಕೆ ಹೋದೆವು. ಮೊಣಕಾಲೆತ್ತರದ ಗುಡ್ಡೆ. ಮೇಲೆ ಮೊನ್ನೆ ಎತ್ತಿಹಾಕಿದ ತ್ರಿಶೂಲಗಳು. ಕೆಳಗೆ ನಾಲಿಗೆಯಿಲ್ಲದ ಗಂಟೆಗಳು. ಅದರ ಕೆಳಗೆ ಮುಟ್ಟಿದರೆ ಪುಡಿಯಾಗುವ ಕಬ್ಬಿಣ. ಎಲ್ಲಕ್ಕಿಂತ ಕೆಳಗೆ ಒಂದು ತ್ರಿಶೂಲದ ಹಿಡಿಯನ್ನು ಮರದ ಬೇರು ಅರ್ಧ ನುಂಗಿತ್ತು. ಆ ಬೇರು ನನ್ನ ತೊಡೆಯಷ್ಟು ದಪ್ಪ. ಮೇಡಂ ಕೂತು ಅದನ್ನು ಬಹಳ ಹೊತ್ತು ನೋಡಿದರು. ಅಳತೆ ಪಟ್ಟಿ ತರಿಸಿದರು.

ಹೀಗೆಂದು ನನ್ನ ನೆನಪು. ಮಾದಮ್ಮನ ಪ್ರಕಾರ ಮೇಡಂ ಏನನ್ನೂ ಕೇಳಲಿಲ್ಲ. ತಾನೇ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದದ್ದು. ಕೇತೇಗೌಡರ ಪ್ರಕಾರ ಮೇಡಂ ನೀರು ಕುಡಿಯಲು ನೆರಳಿಗೆ ಹೋದರು, ಅಷ್ಟೇ. ನನ್ನ ಫೋನಿನಲ್ಲಿ ಒಂದು ಚಿತ್ರವಿದೆ: ಬೇರು, ಕಬ್ಬಿಣದ ಹಿಡಿ, ಅದರ ಪಕ್ಕ ತೋರಿಸುತ್ತಿರುವ ಒಂದು ಬೆರಳು. ಬೆರಳು ಯಾರದೆಂದು ಮೂವರೂ ಮೂರು ಹೆಸರು ಹೇಳುತ್ತೇವೆ.

ಆದೇಶ ಬರಲು ಬಹಳ ತಿಂಗಳು ಹಿಡಿಯಿತು. ಒಂದೇ ಹಾಳೆ. "ದಾಖಲೆಗಳನ್ನು ಪರಿಶೀಲಿಸಲಾಗಿ ಹಕ್ಕನ್ನು ಮಾನ್ಯ ಮಾಡಲಾಗಿದೆ." ಮಾದಮ್ಮ ಅದನ್ನು ನನ್ನ ಮೇಜಿನ ಮೇಲೆ ಬಿಚ್ಚಿ, ಮೂರು ಸಲ ಜೋರಾಗಿ ಓದಿಸಿ, ನಾಲ್ಕನೆಯ ಸಲ ತಾವೇ ಓದಿದರು. ಆ ವಾರವೇ ಕೇತೇಗೌಡರ ಜೊತೆ ನಾನೂ ನಡೆದೆ. ಗೇಟು ಬಂದಾಗ ಮುದುಕ ನಿಂತುಬಿಟ್ಟರು. ಕಾವಲಿನವನು ಒಳಗಿಂದ ಕೂಗಿದ: "ಓಗು ತಾತ, ಇನ್ನೇನ್ ಕೇಳಿಯೆ?"

"ನಿನ್ನೇನ್ಲಾ ಕೇಳದು? ಉಂಡ್ಯಾ ಅಂತ ಕೇಳ್ದೆ."

"ಉಂಡೆ ಓಗು."

ಮುದುಕ ಒಳಗೆ ಕಾಲಿಟ್ಟರು. ಹಿಂದಿರುಗಿ ನೋಡಲಿಲ್ಲ. ಜಡೆಸ್ವಾಮಿಯ ಸುಣ್ಣ ಒಂದೇ ಮಳೆಗೆ ಅರ್ಧ ಇಳಿದು, ಕಲ್ಲು ಕಲ್ಲಿನಂತೆಯೇ ಕಾಣುತ್ತಿತ್ತು. ಜಗಲಿಯ ಮೇಲೆ ಅವರು ಕಾಲು ಚಾಚಿ ಕೂತರು. "ಕುಂತ್ಕಳಕ್ಕೆ ವಸಿ ಅನ್ಕೂಲ ಆಯ್ತು ಬುಡು," ಎಂದರು. ಸಿಮೆಂಟಿನ ಬಗ್ಗೆ ನನ್ನನ್ನು ಯಾರಾದರೂ ಕ್ಷಮಿಸಿದ್ದು ಅದೊಂದೇ ಸಲ.

ಪಕ್ಕದ ಮನೆಯವರು ಊಟಕ್ಕೆ ಎದ್ದಿದ್ದಾರೆ. ನಾನೂ ಮೇಜಿಗೆ ಹೊರಡಬೇಕು. ಈಗೀಗ ಯಾರಾದರೂ ಹೇಳಿಕೆ ಬರೆಸಲು ಬಂದರೆ ನಾನು ಸಾಲಿಗೊಮ್ಮೆ ನಿಲ್ಲಿಸಿ, ಕಂಡದ್ದೋ ಕೇಳಿದ್ದೋ ಎಂದು ವಿಚಾರಿಸುತ್ತೇನೆ. ಬೇಸತ್ತು ಕೆಲವರು ಪಕ್ಕದ ಮೇಜಿಗೆ ಹೋಗುತ್ತಾರೆ. ಹೋಗಲಿ. ಆದರೆ ಪತ್ರಿಕೆಯಲ್ಲಿ ಯಾವ ದೇಶದ ತೀರ್ಪು ಓದಿದರೂ ನನ್ನ ಕಣ್ಣು ಮೊದಲು ಹೋಗುವುದು ಕಾರಣ ಕೊಟ್ಟಿದ್ದಾರೆಯೇ ಎಂಬಲ್ಲಿಗೆ. ನಮಗೆ ಬಂದ ಹಾಳೆಯಲ್ಲಿ ಕಾರಣವಿರಲಿಲ್ಲ. ಬೇರು ನುಂಗಿದ ಕಬ್ಬಿಣ ನೋಡಿ ಕೊಟ್ಟರೋ, ಸುಳ್ಳಿಗೆ ಹೆಬ್ಬೆಟ್ಟು ಒತ್ತದ ಮುದುಕನನ್ನು ನೋಡಿ ಕೊಟ್ಟರೋ, ಅಥವಾ ಆ ವರ್ಷ ಎಲ್ಲ ಪೋಡುಗಳದ್ದೂ ಒಟ್ಟಿಗೆ ಪಾಸಾಗಿ ಇದೂ ಅದರೊಳಗೆ ಹೋಯಿತೋ. ಮೇಡಂಗೆ ವರ್ಗವಾಯಿತು. ಅವರ ವರದಿಯ ಪ್ರತಿ ಕೇಳಿ ಅರ್ಜಿ ಹಾಕಬಹುದು. ಅಂಥ ಅರ್ಜಿಗಳನ್ನು ಎಷ್ಟೋ ಜನರಿಗೆ ನಾನೇ ಟೈಪ್ ಮಾಡಿಕೊಟ್ಟಿದ್ದೇನೆ. ನನಗಾಗಿ ಇನ್ನೂ ಮಾಡಿಕೊಂಡಿಲ್ಲ. ಆ ವರದಿಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ.